ನೈದಿಲೆಯ ಎಲೆಯಲ್ಲೊಂದು ತಪ್ಪು

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ತರ್ಕದಮ್ಮನೂ ನಾನೂ ದಿನಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದಾಗ, ಸಸ್ಯಶಾಸ್ತ್ರದ ಅಧ್ಯಾಪಕಿ ಬಾಗಿಲನ್ನು ತಟ್ಟದೆಯೇ ಒಳಗೆ ಬಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಮ್ಮಾ, ಸಂಜೆಯೊಳಗೆ ನನ್ನ ಕೆಲಸ ಹೋಗತ್ತೆ. ಆ ಪೋಸ್ಟ್ ನಾನು ಹಾಕಿಲ್ಲ. ದೇವರಾಣೆಗೂ ಹಾಕಿಲ್ಲ."

ತರ್ಕದಮ್ಮ ಈ ಕಾಲೇಜಿನಲ್ಲಿ ತರ್ಕಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ಆಡಳಿತ ಮಂಡಳಿಯು ಗೌರವದಿಂದ ಬಿಟ್ಟುಕೊಟ್ಟ ಆ ಕೋಣೆಯಲ್ಲೇ ಅವರ ವಾಸ. ಕಾಲೇಜಿನಲ್ಲಿ ಯಾವ ಗಂಟು ಬಿದ್ದರೂ ಬಿಡಿಸಲು ಜನ ಅಲ್ಲಿಗೇ ಬರುತ್ತಿದ್ದರು. ಹಳೆಯ ಕಾವ್ಯಗಳನ್ನು ಪಾಠ ಹೇಳಿ ಅವರಂತೆಯೇ ನಿವೃತ್ತನಾದ ನಾನು ಅವರ ನೆರೆಯವನು, ಅವರ ಪತ್ತೇದಾರಿಕೆಗೆ ಸಾಕ್ಷಿ.

"ಮೊದಲು ಕೂತ್ಕೊ. ಉಸಿರು ತಗೊಂಡು ಹೇಳು," ಎಂದರು ತರ್ಕದಮ್ಮ.

ಅವಳು ಹೇಳಿದ್ದು ಇಷ್ಟು. ತನ್ನ ತರಗತಿಗಾಗಿ ಅವಳು ಸಾಮಾಜಿಕ ಜಾಲತಾಣದಲ್ಲಿ ಒಂದು ಗುಂಪನ್ನು ನಡೆಸುತ್ತಿದ್ದಳು. ಪ್ರತಿ ವಾರ ಅಲ್ಲಿ ತಾನೇ ಬರೆದ ಒಂದು ಚಿತ್ರವನ್ನು ಹಾಕಿ, ಕೆಳಗೆ "ನೋಡಿ, ಮಾತಾಡಿ" ಎಂದಷ್ಟೇ ಬರೆಯುತ್ತಿದ್ದಳು. ಚಿತ್ರದಲ್ಲಿ ಬೇಕೆಂದೇ ಇರಿಸಿದ ಒಂದು ತಪ್ಪಿರುತ್ತಿತ್ತು. ವಿದ್ಯಾರ್ಥಿಗಳು ಅದನ್ನು ಹುಡುಕಿ, ವಾದಿಸಿ, ಜಗಳವಾಡಿ ಕಲಿಯುತ್ತಿದ್ದರು. ತರಗತಿಯ ಹೊರಗಿನವರಿಗೆ ಅವಳು ಈ ಗುಟ್ಟನ್ನು ಬಿಡಿಸಿ ಹೇಳಿರಲಿಲ್ಲ. ಗುಂಪಿನ ಚರ್ಚೆಯನ್ನು ಓದಿದವರಿಗೆ ಅದು ತಾನಾಗಿಯೇ ತಿಳಿಯುತ್ತಿತ್ತು. ಈ ದಿನ ಬೆಳಿಗ್ಗೆ ಅದೇ ಗುಂಪಿನಲ್ಲಿ, ಅವಳದೇ ಖಾತೆಯಿಂದ, ನಾಳೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಪ್ರಕಟವಾಗಿತ್ತು.

"ಅಧ್ಯಾಪಕರ ಕೋಣೆಯ ಕಂಪ್ಯೂಟರಿನಲ್ಲಿ ನನ್ನ ಖಾತೆ ಯಾವಾಗಲೂ ತೆರೆದೇ ಇರತ್ತೆ. ಪಕ್ಕದಲ್ಲೇ ಸ್ಕ್ಯಾನರ್. ಅದು ನನ್ನ ತಪ್ಪೇ. ಆದ್ರೆ ಮೂವತ್ತು ವರ್ಷ ಮೇಷ್ಟ್ರಾಗಿದ್ದ ನಮ್ಮಪ್ಪನಿಗೆ ಏನಂತ ಹೇಳ್ಲಿ? ಮಗಳು ಪ್ರಶ್ನೆಪತ್ರಿಕೆ ಕಳ್ಳಿ ಅಂತಲಾ?"

"ಪತ್ರಿಕೆ ಯಾರ ಕೈ ದಾಟಿತ್ತು?"

"ನಾನು ಬರೆದೆ. ನಮ್ಮ ವಿಭಾಗದ ಕೆಂಪುಶಾಯಿ ಮೇಷ್ಟ್ರು ಪರಿಶೀಲಿಸಿ ಲಕೋಟೆ ಅಂಟಿಸಿದ್ರು. ಅದು ವಿಭಾಗದ ಮುಖ್ಯಸ್ಥರ ಬೀರುವಿಗೆ ಹೋಯ್ತು. ಮತ್ಯಾರೂ ಮುಟ್ಟಿಲ್ಲ."

ತರ್ಕದಮ್ಮ ಅವಳ ಮೊಬೈಲನ್ನು ತೆಗೆದುಕೊಂಡು ಬಹಳ ಹೊತ್ತು ಬೆರಳಾಡಿಸಿದರು. ನಾನೂ ಇಣುಕಿದೆ. ಸೋರಿಕೆಯಾದ ಪತ್ರಿಕೆಯ ಮೂರನೆಯ ಪ್ರಶ್ನೆಯಲ್ಲಿ ನೀರಿನ ಮೇಲೆ ತೇಲುವ ನೈದಿಲೆ ಎಲೆಯ ಪೆನ್ಸಿಲ್ ಚಿತ್ರವಿತ್ತು. ಗಾಳಿಯನ್ನು ಸೆಳೆಯುವ ಸಣ್ಣ ಉಸಿರುರಂಧ್ರಗಳು ಎಲೆಯ ಮೇಲ್ಮೈಯಲ್ಲಿ ಸಾಲುಗಟ್ಟಿದ್ದವು. ಚಿತ್ರದ ಕೆಳಗೆ ಪ್ರಶ್ನೆಯಾಗಿ "ನೋಡಿ, ಮಾತಾಡಿ" ಎಂದಷ್ಟೇ ಇತ್ತು. ಆಮೇಲೆ ತರ್ಕದಮ್ಮ ಹಳೆಯ ಪೋಸ್ಟುಗಳತ್ತ ಹೋದರು. "ಹಿಂದಿನ ಬೆಂಚು" ಎಂಬ ಗುಪ್ತನಾಮದ ಒಬ್ಬರು ಪ್ರತಿ ವಾರವೂ ಎಲ್ಲರಿಗಿಂತ ಮೊದಲು ತಪ್ಪನ್ನು ಹಿಡಿದು, ಉಳಿದವರಿಗೆ "ಮತ್ತೊಮ್ಮೆ ನೋಡಿ" ಎಂದು ಸುಳಿವು ಕೊಡುತ್ತಿದ್ದರು. ವಿಭಾಗದ ಮುಖ್ಯಸ್ಥರೂ ಎಲ್ಲ ಚಿತ್ರಗಳಿಗೂ ಲೈಕ್ ಒತ್ತಿದ್ದರು. ಬೇರನ್ನು ಕಾಂಡದಂತೆ ಬರೆದ ಒಂದು ಚಿತ್ರದ ಕೆಳಗೆ "ಅತ್ಯಂತ ನಿಖರವಾದ ಚಿತ್ರ! ಅಭಿನಂದನೆಗಳು!" ಎಂದೂ ಬರೆದಿದ್ದರು. ಹುಡುಗರು ಅವರನ್ನು ಬೆನ್ನ ಹಿಂದೆ ಲೈಕಪ್ಪ ಎಂದು ಕರೆಯುವುದು ನನಗೂ ಗೊತ್ತಿತ್ತು.

ತರ್ಕದಮ್ಮ ಅಧ್ಯಾಪಕಿಯ ಕಿವಿಯಲ್ಲಿ ಏನನ್ನೋ ಕೇಳಿದರು. ಅವಳು ಬೆಚ್ಚಿ, ಅಷ್ಟೇ ಮೆಲ್ಲಗೆ ಉತ್ತರಿಸಿದಳು.

"ಇದನ್ನ ಯಾರ ಹತ್ರಾನೂ ಬಾಯಿಬಿಡಬೇಡ. ಬನ್ನಿ ಪಂಡಿತರೇ."

ಕೆಂಪುಶಾಯಿ ಮೇಷ್ಟ್ರು ಪ್ರಯೋಗಾಲಯದಲ್ಲಿ ಉತ್ತರಪತ್ರಿಕೆಗಳ ಮೇಲೆ ಬಾಗಿದ್ದರು. ಭೋಜನಶಾಲೆಯ ಬೆಲೆಪಟ್ಟಿಯ ತಪ್ಪನ್ನೂ ತಿದ್ದದೆ ಊಟಕ್ಕೆ ಕೂರದವರೆಂದು ಅವರ ಖ್ಯಾತಿ. ಜಾಲತಾಣದ ಪಾಠವನ್ನು ಸಭೆ ಸಭೆಗಳಲ್ಲಿ ಖಂಡಿಸಿದವರೂ ಅವರೇ.

"ನನ್ನ ಮೇಲೇ ಅನುಮಾನ ಅಲ್ವಾ? ಇರ್ಲಿ. ಆ ಮೊಬೈಲ್ ಪಾಠ ಅಂದ್ರೆ ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಅಂತ ಮೊದಲೇ ಹೇಳಿದ್ದೆ."

"ಪತ್ರಿಕೇಲಿ ಏನಾದ್ರೂ ತಿದ್ದಿದ್ರಾ?"

"ಒಂದು ಗೆರೇನೂ ಮುಟ್ಟಿಲ್ಲ. ಓದ್ದೆ, ಸಹಿ ಹಾಕ್ದೆ, ಅಂಟಿಸ್ದೆ. ನಂಬಿಕೆ ಇಲ್ದಿದ್ರೆ ಮತ್ತೊಮ್ಮೆ ನೋಡಿ!"

ಮುಖ್ಯಸ್ಥರು ತಮ್ಮ ಕೋಣೆಯಲ್ಲಿ ದುಃಖದ ಮುಖ ಹೊತ್ತು ಕುಳಿತಿದ್ದರು. "ನನ್ನ ಮಗಳ ಹಾಗಿದ್ಲು, ಅಮ್ಮಾ. ಅವಳ ಗುಂಪಿನ ಬಗ್ಗೆ ಎಷ್ಟು ಕಡೆ ಭಾಷಣ ಮಾಡಿದೀನಿ! ಒಂದು ಪೋಸ್ಟನ್ನೂ ಬಿಟ್ಟವನಲ್ಲ. ಲಕೋಟೆಯನ್ನಂತೂ ನಾನು ತೆರೆದೇ ನೋಡಿಲ್ಲ; ಬಂದ ಹಾಗೆ ಬೀರುವಿನಲ್ಲಿದೆ. ಮುಂದಿನ ತಿಂಗಳು ಮಂಡಳಿಯ ಮುಂದೆ ಅವಳೇ ಈ ವಿಧಾನವನ್ನ ತೋರಿಸ್ಬೇಕಿತ್ತು. ಇನ್ನು ಆ ಭಾರವೂ ನನ್ನ ತಲೆ ಮೇಲೇ."

ಮಧ್ಯಾಹ್ನ ಪ್ರಾಂಶುಪಾಲರ ಕೋಣೆಯಲ್ಲಿ ನಾವೆಲ್ಲ ಸೇರಿದೆವು. ವಜಾ ಆದೇಶ ಸಿದ್ಧವಾಗಿ ಮೇಜಿನ ಮೇಲಿತ್ತು, ಸಹಿಯೊಂದೇ ಬಾಕಿ. ಅಧ್ಯಾಪಕಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಪ್ರಾಂಶುಪಾಲರು ಲಕೋಟೆಯನ್ನು ತರಿಸಿ ಒಡೆದರು. ತರ್ಕದಮ್ಮ ಹಾಳೆಯನ್ನು ತೆಗೆದುಕೊಂಡು, ಮೂರನೆಯ ಪ್ರಶ್ನೆಯ ಚಿತ್ರವನ್ನು ಅಂಗೈಯಿಂದ ಮುಚ್ಚಿದರು.

"ಈ ಚಿತ್ರವನ್ನ ರಬ್ಬರಿನಿಂದ ಅಳಿಸಿ, ಬೇರೆ ಥರ ಬರೆದಿದಾರೆ. ಜಾಲತಾಣಕ್ಕೆ ಹೋಗಿದ್ದೂ ಈ ತಿದ್ದಿದ ರೂಪವೇ. ಹಾಗಾದ್ರೆ ತಿದ್ದಿದವರ ಕೈ ದಾಟಿದ ಮೇಲೇ ಸೋರಿಕೆ ಆಗಿದೆ."

ಕೋಣೆಯ ಕಣ್ಣುಗಳೆಲ್ಲ ಏಕಕಾಲಕ್ಕೆ ಕೆಂಪುಶಾಯಿ ಮೇಷ್ಟ್ರತ್ತ ಹೊರಳಿದವು. ತಿದ್ದುವ ರೋಗ ಯಾರಿಗಿದೆಯೆಂದು ಕೇಳಬೇಕಿರಲಿಲ್ಲ. ಮೇಷ್ಟ್ರು ಜೇಬಿನ ಕೆಂಪು ಪೆನ್ನನ್ನು ತೆಗೆದು ಮುಚ್ಚಳ ತಿರುಗಿಸತೊಡಗಿದರು.

"ಮೇಷ್ಟ್ರೇ, ಮಾತಾಡಿ," ಎಂದು ಪ್ರಾಂಶುಪಾಲರು ಗುಡುಗಿದರು.

ಮುಖ್ಯಸ್ಥರು ನಿಟ್ಟುಸಿರಿಟ್ಟು ಅನುಕಂಪದ ದನಿಯಲ್ಲಿ ಹೇಳಿದರು: "ಹೋಗ್ಲಿ ಬಿಡಿ, ಅದೊಂದನ್ನ ಅಪರಾಧ ಅನ್ನೋಕಾಗಲ್ಲ. ತೇಲೋ ಎಲೆಗೆ ನೀರಿನ ಕಡೆ ಉಸಿರುರಂಧ್ರ ಬರೆದಿದ್ರೆ ಯಾವ ಮೇಷ್ಟ್ರು ತಾನೆ ತಿದ್ದದೆ ಬಿಡ್ತಾರೆ?"

ತರ್ಕದಮ್ಮ ಮೆಲ್ಲಗೆ ಅಂಗೈಯನ್ನು ಎತ್ತಿದರು.

"ಮೊದಲು ರಂಧ್ರ ಕೆಳಗಿತ್ತು ಅಂತ ನಾನು ಹೇಳಲಿಲ್ಲ. ಈ ಹುಡುಗೀನೂ ಬೆಳಿಗ್ಗೆ ನನ್ನ ಕಿವಿಯಲ್ಲಿ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಜಾಲತಾಣದಲ್ಲಿರೋ ಚಿತ್ರದಲ್ಲಿ ಅವು ಮೇಲಿವೆ. ಲಕೋಟೆಯನ್ನೇ ತೆರೆಯದ ನಿಮಗೆ ಹೇಗೆ ಗೊತ್ತಾಯ್ತು?"

ಮುಖ್ಯಸ್ಥರು ಮೇಜಿನ ಮೇಲಿನ ಒಡೆದ ಲಕೋಟೆಯತ್ತ ನೋಡಿದರು.

"ಬೆಳಿಗ್ಗೆ ಆ ಚಿತ್ರ ನೋಡಿದಾಗಲೇ ನನಗೆ ಮುಳ್ಳು ಚುಚ್ಚಿದ ಹಾಗಾಯ್ತು," ಎಂದು ತರ್ಕದಮ್ಮ ಮುಂದುವರಿಸಿದರು. "ಕೆಳಗೆ ‘ನೋಡಿ, ಮಾತಾಡಿ’ ಅಂತಿದೆ, ಚಿತ್ರದಲ್ಲಿ ಮಾತ್ರ ತಪ್ಪಿಲ್ಲ! ತಪ್ಪಿಲ್ಲದ ಮೇಲೆ ಹುಡುಗ್ರು ಏನು ಮಾತಾಡ್ಬೇಕು? ಗುಂಪನ್ನ ಓದಿದವರು ಯಾರೂ ಅದನ್ನ ತಿದ್ದಲ್ಲ. ತಿದ್ದಿದವರು ಗುಂಪನ್ನ ಓದದವರು. ಬೇರಿನ ತಪ್ಪು ಚಿತ್ರಕ್ಕೆ ‘ಅತ್ಯಂತ ನಿಖರ’ ಅಂದವರು ಏನು ಓದಿರ್ತಾರೆ? ಆದ್ರೆ ಪತ್ರಿಕೆ ಮೇಲೆ ಬೀಳೋದು ಮುಖ್ಯಸ್ಥರ ಸಹಿ, ಅದನ್ನ ಮಾತ್ರ ಓದಲೇಬೇಕು."

"ಮೇಷ್ಟ್ರೂ ಓದದವರೇ ಅಲ್ವಾ?" ಎಂದರು ಪ್ರಾಂಶುಪಾಲರು.

"ಬೆಲೆಪಟ್ಟಿ ತಿದ್ದೋ ಮನುಷ್ಯ, ಕಣ್ಣೆದುರಿನ ತಪ್ಪು ಎಲೆಯನ್ನ ಮುಟ್ಟದೆ ಅಂಟಿಸಿದ್ರು. ಯಾಕೆ? ಅದು ಬೇಕಂತಲೇ ಇಟ್ಟ ತಪ್ಪು ಅಂತ ಅವರಿಗೆ ಗೊತ್ತಿತ್ತು. ಉಳಿದದ್ದನ್ನ ಅವರೇ ಹೇಳ್ಬೇಕು. ಮಾನ ಅವರದು."

ಮೇಷ್ಟ್ರು ನೆಲ ನೋಡುತ್ತ ಎದ್ದು ನಿಂತರು. ಸಭೆಗಳಲ್ಲಿ ಅವರು ಆಡಿದ ಬಿರುನುಡಿಗಳೆಲ್ಲ ನನ್ನ ನೆನಪಿಗೆ ಬಂದವು, ಅವರಿಗೂ ಬಂದಿರಬೇಕು.

"‘ಹಿಂದಿನ ಬೆಂಚು’ ನಾನೇ," ಎಂದರು.

"ನೀವಾ, ಸರ್?" ಅಧ್ಯಾಪಕಿಯ ಕಣ್ಣಿನಿಂದ ಬೆಳಗಿನಿಂದ ತಡೆದ ನೀರು ಇಳಿಯಿತು. "ಒಂದು ವಾರಾನೂ ತಪ್ಪಿಸ್ದೆ..."

"ಮೊಬೈಲು ಕೆಟ್ಟದ್ದೇ. ಈಗ್ಲೂ ಅದನ್ನೇ ಹೇಳ್ತೀನಿ. ಚಿತ್ರ ಮಾತ್ರ ಬಿಡೋಕಾಗ್ತಿರ್ಲಿಲ್ಲ."

ಮುಖ್ಯಸ್ಥರು ಕುರ್ಚಿಯಲ್ಲಿ ಕುಸಿದರು. ತಿದ್ದುವಾಗ ತಮ್ಮಲ್ಲಿ ಕೇಡಿರಲಿಲ್ಲವೆಂದು ಅವರು ಹೇಳಿದ್ದನ್ನು ನಾನು ನಂಬುತ್ತೇನೆ. ತಿದ್ದಿದ ಹಾಳೆ ಕೈಯಲ್ಲಿದ್ದಾಗ, ಅಧ್ಯಾಪಕರ ಕೋಣೆಯಲ್ಲಿ ಅವಳ ತೆರೆದ ಖಾತೆ ಕಣ್ಣಿಗೆ ಬಿತ್ತಂತೆ; ಹಾಳೆಯನ್ನು ಸ್ಕ್ಯಾನ್ ಮಾಡಿ ಅಲ್ಲಿ ಹಾಕಿ, ಹೊಸ ಲಕೋಟೆಯಲ್ಲಿಟ್ಟು ಅಂಟಿಸಿದರಂತೆ. ಮಂಡಳಿಯ ಮುಂದೆ ಅವಳು ಬಾಯಿ ತೆರೆದರೆ, ತಾವು ಊರೂರು ಮೆರೆಸಿದ ವಿಧಾನದ ಮೊದಲಕ್ಷರವೂ ತಮಗೆ ತಿಳಿಯದೆಂಬುದು ಬಯಲಾಗುತ್ತಿತ್ತು. "ಓದೋಕೆ ಪುರುಸೊತ್ತಿರಲಿಲ್ಲ," ಎಂದು ಮಾತ್ರ ಮತ್ತೆ ಮತ್ತೆ ಹೇಳಿದರು. ದೈವವು ನಮಗೆ ಕಣ್ಣನ್ನು ಕೊಟ್ಟು, ನೋಡುವ ಶ್ರಮವನ್ನು ನಮಗೇ ಬಿಟ್ಟಿದೆ.

ಪ್ರಾಂಶುಪಾಲರು ವಜಾ ಆದೇಶವನ್ನು ಹರಿದರು. ಪರೀಕ್ಷೆ ಮುಂದಕ್ಕೆ ಹೋಯಿತು. ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋದರು.

ಮುಂದಿನ ವಾರ ತರ್ಕದಮ್ಮನ ಮೊಬೈಲಿನಲ್ಲಿ ನಾನೂ ಆ ಗುಂಪನ್ನು ತೆರೆದು ಕುಳಿತೆ. ಹೊಸ ಚಿತ್ರಕ್ಕೆ ಮೊದಲ ಉತ್ತರ ಕೆಂಪುಶಾಯಿ ಮೇಷ್ಟ್ರದೇ. ಈ ಬಾರಿ ಸ್ವಂತ ಹೆಸರು, ಗಂಟಿಕ್ಕಿದ ಮುಖದ ಸ್ವಂತ ಫೋಟೊ. ಉತ್ಸಾಹದಲ್ಲಿ ಅವರು ಸರಿಯಾಗಿದ್ದ ಭಾಗವನ್ನೇ ತಪ್ಪೆಂದಿದ್ದರು.

ಅದರ ಕೆಳಗೆ ಅಧ್ಯಾಪಕಿಯ ಉತ್ತರ ಮೂಡಿತು: "ಮತ್ತೊಮ್ಮೆ ನೋಡಿ, ಸರ್."