ಮುಂದಿನ ಫೋಟೋ ನೋಡಬೇಡ

"ಅಳಿಸು," ಅಂದಳು ಲೆಸಿಯೆಲಿ.

ಗಂಡಸರಿಗೆ ಕುಡಿಯಲು ಕಾವಾ ಬೇರಿನ ಪುಡಿಯನ್ನು ನೀರಲ್ಲಿ ಕಲಸುತ್ತಿದ್ದ ಮರದ ಬೋಗುಣಿಯಿಂದ ಕಣ್ಣೆತ್ತಲಿಲ್ಲ, ತುಟಿಯನ್ನಷ್ಟೇ ಅಲ್ಲಾಡಿಸಿ ಅಂದಳು. ಸುತ್ತ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಗಂಡಸರು ಹಾಡಿನ ಮರೆತುಹೋದ ಸಾಲಿಗಾಗಿ ಜಗಳ ಆಡುತ್ತಿದ್ದರು. ಅವರಿಗೆ ಕೇಳಿಸಲಿಲ್ಲ. ಪಕ್ಕದಲ್ಲೇ ಕೂತಿದ್ದ ಫೆಲೆಟಿಗೆ ಕೇಳಿಸಿತು.

ತಪ್ಪು ಕ್ಯಾಮೆರಾದ್ದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಬೆಳ್ಳಿ ಬಣ್ಣದ್ದು. ಆಕ್ಲೆಂಡಿನಲ್ಲಿರುವ ಫೆಲೆಟಿಯ ಸೋದರತ್ತೆ ಮಾಂಸದ ಡಬ್ಬಗಳ ಜೊತೆ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದಳು. ರೀಲೇ ಇಲ್ಲದ ಕ್ಯಾಮೆರಾವನ್ನು ನೆಯಾಫುವಿನಂಥ ದ್ವೀಪದ ಊರಿನಲ್ಲಿ ಯಾರೂ ನೋಡಿರಲಿಲ್ಲ. ಅದಕ್ಕೊಂದು ಕೆಟ್ಟ ಚಾಳಿ ಇತ್ತು. ಗುಂಡಿ ಒತ್ತಿದರೆ ತಕ್ಷಣ ತೆಗೆಯುತ್ತಿರಲಿಲ್ಲ, ಸ್ವಲ್ಪ ಯೋಚನೆ ಮಾಡಿ ಆಮೇಲೆ ಕ್ಲಿಕ್ ಅನ್ನುತ್ತಿತ್ತು. ಫೋಟೋ ಮುಗಿಯಿತು ಅಂದುಕೊಂಡು ಜನ ಬಿಗಿಹಿಡಿದ ಹೊಟ್ಟೆ ಬಿಡುತ್ತಿದ್ದರು, ಬೆನ್ನು ಕೆರೆಯುತ್ತಿದ್ದರು. ಅದೇ ದಾಖಲಾಗುತ್ತಿತ್ತು.

ಲೆಸಿಯೆಲಿ ಕೂಡ ಮೊದಲು ಚರ್ಚಿನಲ್ಲಿ ಕೂತ ಹಾಗೆ ನೆಟ್ಟಗೆ ಕೂತಳು. ಫೆಲೆಟಿ ಒತ್ತಿದ. ಮುಗಿಯಿತು ಅಂದುಕೊಂಡು ಅವಳು ತಲೆ ಓರೆ ಮಾಡಿ, ಕೆಳತುಟಿ ಕಚ್ಚಿ, ನೇರ ಅವನನ್ನು ನೋಡಿದಳು.

ಆಗ ಕ್ಲಿಕ್ ಅಂದಿತು.

ಅವನು ಕೈ ಅಡ್ಡ ಹಿಡಿದು ಕ್ಯಾಮೆರಾ ಬೆನ್ನಿನ ಬೆರಳಗಲದ ತೆರೆಯನ್ನು ತೋರಿಸಿದ. ಅವಳ ಕಿವಿ ಕೆಂಪಾಯಿತು.

"ಇದು ನಾನಲ್ಲ."

"ಮತ್ಯಾರು, ಪಾದ್ರಿ ಹೆಂಡ್ತಿನಾ?"

"ನಾನು ಹಿಂಗೆ ನೋಡ್ತೀನಾ?"

"ನನ್ನ ಕೇಳಿದ್ರೆ? ನೀನು ನೋಡ್ತೀಯ, ನಾನು ಸಾಯ್ತೀನಿ. ದಿನಾ ಇದೇ ಕಥೆ."

ನಗು ಬಂತು ಅವಳಿಗೆ, ನುಂಗಿಕೊಂಡಳು. "ತಮಾಷೆ ಬೇಡ ಕಣೋ. ಮಾಕಾ ಕಣ್ಣಿಗೆ ಬಿದ್ರೆ ಮುಗೀತು. ಅಪ್ಪನಿಗೆ ಹೇಳಿ ನನ್ನನ್ನ ಆಕ್ಲೆಂಡಿಗೆ ಸಾಗಹಾಕ್ತಾನೆ, ದೊಡ್ಡಮ್ಮನ ಮನೇಲಿ ಮಕ್ಕಳ ಮೂಗು ಒರೆಸೋಕೆ. ಅಳಿಸು."

ಮಾಕಾ ಅವಳ ಅಣ್ಣ. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ಕೂಡ ನೋಡದ ಊರು ಅದು. ತಂಗಿ ಕಾವಾ ಬಡಿಸುವ ಕಡೆ ಅಣ್ಣ ಕಾಲಿಡುವಂತಿಲ್ಲ. ಮದುವೆಯಾಗದ ಹುಡುಗಿ ಬೋಗುಣಿ ಮುಂದೆ ಕೂತರೆ ಗಂಡಸರು ರೇಗಿಸುತ್ತಾರೆ, ಅವಳು ವಾಪಸ್ ಕೊಡುತ್ತಾಳೆ. ಆ ಮಾತು ಅಣ್ಣನ ಕಿವಿಗೆ ಬೀಳಬಾರದು. ಮಾತೇ ಬೀಳಬಾರದು ಅಂದಮೇಲೆ ಈ ನೋಟ?

ಫೆಲೆಟಿ ಅಳಿಸುವ ಗುಂಡಿ ಒತ್ತಿದ. ಖಂಡಿತಾನಾ, ಅಂತ ಕ್ಯಾಮೆರಾ ಕೇಳಿತು. ಲೆಸಿಯೆಲಿ ಗುಂಪಿನಲ್ಲಿದ್ದ ಕೆಪುವಿಗೆ ತೆಂಗಿನ ಚಿಪ್ಪಿನಲ್ಲಿ ಕಾವಾ ತುಂಬುತ್ತಿದ್ದಳು.

ಬೇಡ, ಅಂತ ಒತ್ತಿದ.

"ಹೋಯ್ತಾ?"

"ಹೋಯ್ತು."

ಸುಳ್ಳು ಹೇಳಿದ್ದಕ್ಕೆ ಅವನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಬಂದರಿನಲ್ಲಿ ಇಳಿಯುವ ಪ್ರತಿಯೊಬ್ಬ ಪರದೇಶದವನೂ ಕ್ಯಾಮೆರಾ ಎತ್ತುತ್ತಾನೆ. ಅಜ್ಜಿ ಒಣಹಾಕಿದ ಒಳಲಂಗ, ಬೆತ್ತಲೆ ಈಜುವ ಮಕ್ಕಳು, ಅಮ್ಮ ಅತ್ತು ಬಂದ ಸಮಾಧಿ, ಎಲ್ಲ ತುಂಬಿಕೊಂಡು ಹೋಗುತ್ತಾನೆ. ಅವನಿಗೆ ಅಳಿಸು ಅಂದವರಿಲ್ಲ. ತನ್ನಂಥ ಶಾಲೆ ಬಿಟ್ಟವನು, ದೋಣಿ ಒರೆಸುವವನು, ತನ್ನನ್ನು ನೋಡಿದ ಒಂದೇ ಒಂದು ಮುಖವನ್ನು ಇಟ್ಟುಕೊಂಡರೆ ಮಾತ್ರ ಊರಿನ ಮರ್ಯಾದೆ ಹೋಗುತ್ತದಂತೆ.

ಆದರೆ ಅವಳೇ ಅಳಿಸು ಅಂದಿದ್ದಳು. ಊರು ಅಂದಿದ್ದಲ್ಲ. ಅದನ್ನು ಯೋಚಿಸಲು ಅವನಿಗೆ ಮನಸ್ಸಿರಲಿಲ್ಲ.

ಮರುದಿನ ದೋಣಿ ಪ್ರವಾಸಿಗರನ್ನು ತುಂಬಿಕೊಂಡು ತಿಮಿಂಗಿಲದ ಬೆನ್ನು ಹತ್ತಿ ಹೊರಟಿತು. ಚುಕ್ಕಾಣಿ ಮಾಕಾನ ಕೈಯಲ್ಲಿ, ಮಿಕ್ಕಿದ್ದೆಲ್ಲ ಫೆಲೆಟಿಯ ತಲೆಯ ಮೇಲೆ. ಬೆಳಿಗ್ಗೆ ಒಂದು ಬಾಲ ಎದ್ದಾಗ ಮಾಕಾ ಫೆಲೆಟಿಯ ಕ್ಯಾಮೆರಾ ಇಸಕೊಂಡು ಒತ್ತಿದ್ದ. ಆಮೇಲೆ ಅದು ಚುಕ್ಕಾಣಿ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

ಎಂಜಿನ್ ಆರಿಸಿದ್ದರು. ಈಜಲು ಇಳಿದಿದ್ದ ಪ್ರವಾಸಿಯೊಬ್ಬ ಏಣಿ ಅರ್ಧ ಹತ್ತಿ, ಮೈಭಾರವನ್ನೆಲ್ಲ ಫೆಲೆಟಿಯ ತೋಳಿಗೆ ಕೊಟ್ಟು ಏದುಸಿರು ಬಿಡುತ್ತಿದ್ದ.

"ನನ್ನ ಬಾಲ ಹೆಂಗ್ ಬಂದಿದೆ ನೋಡಣ," ಅಂದ ಮಾಕಾ, ಹಿಂದಿನಿಂದ.

ಫೆಲೆಟಿ ತಿರುಗಿದ. ಮಾಕಾ ಕ್ಯಾಮೆರಾ ಕೈಗೆತ್ತಿಕೊಂಡಿದ್ದ.

"ಎಲ್ಲೋ ಬಾಲ? ಬರೀ ನೀರಿದೆ."

"ನೀನು ಒತ್ತಿದಾಗ ಇತ್ತು. ಅದು ತೆಗೆಯೋ ಹೊತ್ತಿಗೆ ಮುಳುಗ್ತು." ಫೆಲೆಟಿ ಪ್ರವಾಸಿಯನ್ನು ಮೇಲಕ್ಕೆ ಜಗ್ಗಿದ. "ಇಡು ಮಗಾ, ಬ್ಯಾಟರಿ ತಿನ್ನುತ್ತೆ."

"ತಿನ್ನಲಿ. ಎರಡು ಫೋಟೋ ನೋಡಿದ್ರೆ ನಿಮ್ಮತ್ತೆ ಮನೆ ಹಾಳಾಗುತ್ತಾ?" ಮಾಕಾನ ಹೆಬ್ಬೆರಳು ಗುಂಡಿ ಒತ್ತಿತು. "ಹಂದಿ. ಇದಕ್ಕೂ ಫೋಟೋ ಬೇಕಿತ್ತಾ?" ಇನ್ನೊಂದು ಸಲ. "ಓಹೋ, ಕೆಪು. ಚಿಪ್ಪು ಹಿಡ್ಕೊಂಡು ಏನ್ ಗತ್ತು ನೋಡು. ಇದ್ಯಾವಾಗ, ನಿನ್ನೆನಾ? ಯಾರು ಬಡಿಸ್ತಿದ್ರು?"

ಕೆಪು ಆದಮೇಲೆ ಬರುವ ಫೋಟೋ ಯಾವುದು ಅಂತ ಫೆಲೆಟಿಗೆ ಗೊತ್ತಿತ್ತು. ಏಣಿಯ ಮೇಲಿನ ಮನುಷ್ಯನನ್ನು ಸಮುದ್ರಕ್ಕೆ ಬಿಟ್ಟು ಹಾರಿದ್ದರೂ ಆ ಹೆಬ್ಬೆರಳಿಗಿಂತ ಮೊದಲು ತಲುಪುತ್ತಿರಲಿಲ್ಲ.

"ಮಾಕಾ. ಮುಂದಿನ ಫೋಟೋ ನೋಡಬೇಡ. ನಿನ್ನ ತಂಗಿ ಇದಾಳೆ."

ಹೆಬ್ಬೆರಳು ನಿಂತಿತು. ದೋಣಿಯ ಪಕ್ಕೆಗೆ ನೀರು ಬಡಿಯುತ್ತಿತ್ತು. ಪ್ರವಾಸಿ ಕೊನೆಗೂ ಮೇಲೆ ಬಂದು ಬಿದ್ದು, ತಿಮಿಂಗಿಲ ಮತ್ತೆ ಬರುತ್ತಾ ಅಂತ ಕೇಳಿದ. ಆಮೇಲೆ ಟವೆಲ್ ಹುಡುಕಿಕೊಂಡು ಹೋದ.

"ಎಲ್ಲರ ಜೊತೆ ಇದಾಳಾ?" ಮಾಕಾನ ಕಣ್ಣು ಸಮುದ್ರದ ಮೇಲಿತ್ತು.

"ಒಬ್ಬಳೇ."

"ಯಾರನ್ನ ನೋಡ್ತಿದಾಳೆ?"

ಇಲ್ಲೂ ಒಂದು ಸುಳ್ಳು ಸಾಕಿತ್ತು. ಫೆಲೆಟಿಯ ನಾಲಿಗೆ ತುದಿಗೆ ಬಂದೂ ಇತ್ತು.

"ನನ್ನನ್ನ."

"ನೀನು?"

"ಅವಳನ್ನೇ. ಯಾವಾಗ್ಲೂ."

ಮಾಕಾ ಬಂದು ಎಡಗೈಯಲ್ಲಿ ಅವನ ಅಂಗಿ ಹಿಡಿದು ದೋಣಿಯ ಅಂಚಿನ ಕಟಕಟೆಗೆ ಒತ್ತಿದ. ಬೆನ್ನು ಹಿಂದಕ್ಕೆ ಬಾಗಿ, ಫೆಲೆಟಿಯ ಕೂದಲಿಗೆ ನೀರಿನ ತುಂತುರು ತಾಗಿತು. ಅವನು ಕೈ ಎತ್ತಲಿಲ್ಲ. ಹೊಡೆಯಬಲ್ಲವನಾಗಿದ್ದ, ಎತ್ತಲಿಲ್ಲ.

"ಇದನ್ನ ಇಟ್ಕೊಂಡಿರೋದು ಅವಳಿಗೆ ಗೊತ್ತಾ?"

"ಅಳಿಸು ಅಂದಳು. ಅಳಿಸಿದೆ ಅಂತ ಸುಳ್ಳು ಹೇಳಿದೆ."

"ನನಗೆ ನಿಜ ಹೇಳ್ತೀಯ. ಅವಳಿಗೆ ಸುಳ್ಳು ಹೇಳ್ತೀಯ." ಮಾಕಾ ಅಂಗಿಯನ್ನು ಇನ್ನೂ ಬಿಗಿಯಾಗಿ ತಿರುಚಿದ. "ನನಗೆ ಹೆದರಿದೆ, ಅವಳಿಗೆ ಹೆದರಲಿಲ್ಲ. ಅಲ್ವಾ?"

ಒದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮಾಕಾ ಅಂಗಿ ಬಿಟ್ಟ. ಕ್ಯಾಮೆರಾವನ್ನು ತೆರೆ ಕೆಳಗಾಗುವಂತೆ ಎಂಜಿನ್ ಮುಚ್ಚಳದ ಮೇಲಿಟ್ಟು ಚುಕ್ಕಾಣಿಗೆ ಹೋದ. ದೋಣಿಯನ್ನು ಬಂದರಿನ ಕಡೆ ತಿರುಗಿಸಿದ. ಆಕ್ಲೆಂಡಿನ ವಿಮಾನ ತಲೆಯ ಮೇಲೇ ಹೋಗುತ್ತಿದೆ ಅನ್ನಿಸಿ ಫೆಲೆಟಿ ಎರಡು ಸಲ ಆಕಾಶ ನೋಡಿದ. ಏನೂ ಇರಲಿಲ್ಲ.

ಹಗ್ಗ ಕಟ್ಟುವಾಗ ಮಾಕಾ ಬೆನ್ನು ಹಾಕಿಕೊಂಡೇ ಹೇಳಿದ: "ಮೊದಲು ಅವಳ ಹತ್ರ ಹೋಗು."

ಲೆಸಿಯೆಲಿ ಮಾರ್ಕೆಟ್ಟಿನ ಹಿಂದಿನ ನಲ್ಲಿಯಲ್ಲಿ ಕೆಸುವಿನ ಗೆಡ್ಡೆ ತೊಳೆಯುತ್ತಿದ್ದಳು. ಅವನು ಎಲ್ಲ ಹೇಳಿದ. ಅವಳು ಗೆಡ್ಡೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಮಾಕಾ ನೋಡಿದ್ನಾ?"

"ಇಲ್ಲ."

"ನೀನೆಷ್ಟು ಸಲ ನೋಡ್ದೆ?"

"ಬೆಳಗಾಗೋವರೆಗೂ."

"ಬೋಗುಣಿ ಮುಂದೆ ನಾನು ಎಷ್ಟು ಜನರ ಹತ್ರ ನಗ್ತೀನಿ, ಫೆಲೆಟಿ. ಅದು ಕೆಲಸ. ಈ ನೋಟ ನನ್ನದಾಗಿತ್ತು. ಕೊಟ್ಟಿದ್ದೆ, ವಾಪಸ್ ಕೇಳ್ದೆ, ನೀನು ಇಲ್ಲ ಅಂದೆ." ಒದ್ದೆ ಕೈಯನ್ನು ಲಂಗಕ್ಕೆ ಒರೆಸಿ ಚಾಚಿದಳು. "ಕೊಡು ಇಲ್ಲಿ. ಯಾವುದು ಒತ್ತಬೇಕು?"

ತೋರಿಸಿದ. ಬಿಸಿಲಿಗೆ ತೆರೆ ಕಾಣಿಸುತ್ತಿರಲಿಲ್ಲ. ಅವನು ಎರಡೂ ಕೈ ನೆರಳು ಮಾಡಿ ಹಿಡಿದ, ಅವಳು ಬಗ್ಗಿದಳು. ತಲೆಗೆ ತಲೆ ತಾಗುವಷ್ಟು ಹತ್ತಿರ. ತನ್ನ ಮುಖವನ್ನು ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಒತ್ತಿದಳು. ಖಂಡಿತಾನಾ, ಅಂತ ಅದು ಕೇಳಿತು. ಹೌದು ಅಂದಳು.

ತೆರೆಯಲ್ಲಿ ಆ ಜಾಗಕ್ಕೆ ಕೆಪು ಬಂದು ಕೂತ.

ನೆರಳಿಗೆ ಹಿಡಿದಿದ್ದ ಕೈಗಳನ್ನು ಫೆಲೆಟಿ ಇಳಿಸಿದ. ತಡೆಯಬಹುದಿತ್ತು, ತಡೆಯಲಿಲ್ಲ. ಅವಳು ಕ್ಯಾಮೆರಾ ಅವನ ಜೇಬಿಗೆ ತುರುಕಿ, ಕೈಯನ್ನು ಅಲ್ಲೇ ಒಂದು ಗಳಿಗೆ ಬಿಟ್ಟಳು.

"ಇನ್ನೊಂದು ಸಲ ಸುಳ್ಳು ಹೇಳಿದ್ರೆ ಕಾವಾ ಬದಲು ಸಮುದ್ರದ ನೀರು ಕುಡಿಸ್ತೀನಿ."

"ಇನ್ನೊಂದು ಸಲ ಇದೆಯಾ?"

ಅವಳು ಗೆಡ್ಡೆಯ ಬುಟ್ಟಿ ಎತ್ತಿಕೊಂಡಳು. "ಅದನ್ನ ಮಾಕಾನ ಕೇಳು. ನನ್ನದು ನಾನು ಹೇಳಿಯಾಯ್ತು."

ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ವಾರವಿಡೀ ಇಬ್ಬರೂ ಒಂದೇ ದೋಣಿಯಲ್ಲಿ ಅಪರಿಚಿತರ ಹಾಗೆ ದುಡಿದರು. ಶುಕ್ರವಾರ ಡೀಸೆಲ್ ತುಂಬುವಾಗ ಮಾಕಾ ಬಾಯಿ ಬಿಟ್ಟ.

"ನಾಳೆ ಸಂಜೆ ಅಪ್ಪ ಮನೇಲಿರ್ತಾರೆ. ಕಾವಾ ಬೇರು ತಗೊಂಡು ಬಾ, ಒಳ್ಳೇದು ನೋಡಿ ತಗೋ." ಕೊಳವೆ ಕೊಡವಿದ. "ನಾನು ಇರಲ್ಲ."

ಇರಲ್ಲ ಅಂದದ್ದು ಬೇಸರಕ್ಕೆ ಅಂದುಕೊಂಡು ಫೆಲೆಟಿ ತಲೆ ತಗ್ಗಿಸಿದ. ಅರ್ಥವಾದಾಗ ಕೈಯಲ್ಲಿದ್ದ ಡಬ್ಬ ತುಂಬಿ ಪಾದದ ಮೇಲೆ ಡೀಸೆಲ್ ಹರಿಯುತ್ತಿತ್ತು. ಹುಡುಗಿಯ ಅಪ್ಪನಿಗೆ ಬೇರು ಒಯ್ಯುವುದೆಂದರೆ ಅವಳನ್ನು ಕೇಳಲು ಹೋಗುವುದು, ಅಣ್ಣ ಮನೆಯಲ್ಲಿದ್ದರೆ ತಂಗಿ ಬೋಗುಣಿ ಮುಂದೆ ಕೂರುವ ಹಾಗಿಲ್ಲ.

ಶನಿವಾರ, ಹಿರಿಯರ ಮುಂದೆ ಹೋಗುವಾಗಿನ ಪದ್ಧತಿಯಂತೆ ತಾತನ ಹಳೇ ಚಾಪೆ ಸೊಂಟಕ್ಕೆ ಬಿಗಿದು, ಬೇರಿನ ಕಟ್ಟು ಕಂಕುಳಲ್ಲಿಟ್ಟುಕೊಂಡು ಫೆಲೆಟಿ ಆ ಮನೆಯ ಬೇಲಿ ಮುಟ್ಟಿದ. ಮಾಕಾ ಒಳಗಿಂದ ಬಂದ, ಭುಜದ ಮೇಲೆ ಟವೆಲ್. ಒಬ್ಬರು ನುಸುಳುವಷ್ಟೇ ಇದ್ದ ಆ ಗೇಟಿನಲ್ಲಿ ಇಬ್ಬರೂ ಎದುರಾದರು.

ಮಾಕಾ ಬೇರಿನ ಕಟ್ಟನ್ನು ನೋಡಿದ, ಚಾಪೆಯನ್ನು ನೋಡಿದ. ಗೇಟು ಪೂರ್ತಿ ತೆರೆದು ಪಕ್ಕಕ್ಕೆ ನಿಂತ.

"ಹೋಗು. ಅಪ್ಪ ಆಗಲೇ ಕೆಮ್ಮೋಕೆ ಶುರು ಮಾಡಿದಾರೆ."

ಅವನು ಸಮುದ್ರದ ಕಡೆ ನಡೆದ. ಒಳಗೆ ಬೋಗುಣಿಗೆ ನೀರು ಸುರಿಯುವ ಸದ್ದು ಕೇಳಿಸಿತು. ಮಾಕಾ ರಸ್ತೆ ತಿರುವು ದಾಟುವ ತನಕ ಫೆಲೆಟಿ ಕಾದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದ.