ಅಕ್ಕನ ವಿಡಿಯೋದಲ್ಲಿ ಗಿರಿಜಾ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ತೀರಿಹೋದ ಒಬ್ಬಳ ವಿಷಯ ಇದರಲ್ಲಿದೆ, ಬದುಕಿರುವ ಇಬ್ಬರ ಒಳಗಿನ ಮಾತೂ ಇದೆ. ಇವನ್ನು ನಾಲ್ಕು ಜನರ ಮುಂದೆ ಹೇಳುವುದು ಸರಿಯೇ ಎಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ತಪ್ಪಿದ್ದರೆ ಓದುವವರು ದೊಡ್ಡ ಮನಸ್ಸು ಮಾಡಬೇಕು.

"ನಾನಿನ್ನೂ ಬದುಕಿದೀನಿ, ಭಾವ!"

ನೊಣವಿನಕೆರೆಯ ಅಕ್ಕನ ಮನೆಯ ಹಿತ್ತಲಲ್ಲಿ ನಿಂತು ಗಿರಿಜಾಂಬಿಕಾ ಹೀಗೆ ಅಂದಳು. ಎದುರಿಗೆ ರೇಣುಕಪ್ರಸಾದ್, ಅವಳ ಅಕ್ಕ ಸಿಂಧುವಿನ ಗಂಡ. ಕೈಯಲ್ಲಿ ಟಿವಿಯ ರಿಮೋಟ್ ಹಿಡಿದುಕೊಂಡೇ ಅವಳ ಹಿಂದೆ ಓಡಿಬಂದಿದ್ದ.

"ಗಿರಿಜಾ, ಒಂದ್ನಿಮಿಷ ಕೇಳು..."

"ಏನ್ ಕೇಳ್ಲಿ? ನನ್ನ ಫೋಟೋ ಮುಂದೆ ದೀಪ ಹಚ್ಚಿದೀರಲ್ಲ, ಅದನ್ನಾ?"

ಅವಳು ಬ್ಯಾಗು ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆಗೆ ನಡೆದೇಬಿಟ್ಟಳು.

ನಡೆದದ್ದು ಇಷ್ಟು. ಅಂದು ಸಿಂಧುವಿನ ಮೊದಲ ವರ್ಷದ ಪುಣ್ಯಸ್ಮರಣೆ. ಡೆಂಗಿ ಜ್ವರ ಬಂದು ಐದೇ ದಿನಕ್ಕೆ ಹೋದವಳು. ಮಗಳು ನಿಸರ್ಗಳಿಗೆ ಆಗ ಎರಡು ವರ್ಷ, ಈಗ ಮೂರು. ಮಗುವಿಗೆ ತಾಯಿಯ ಮುಖ ಮರೆಯಬಾರದೆಂದು ರೇಣುಕಪ್ರಸಾದ್ ತಾನೇ ಕೂತು ಒಂದು ವಿಡಿಯೋ ಮಾಡಿದ್ದ. ಫೋಟೋಗಳನ್ನು ಕೊಟ್ಟರೆ ಹಾಡಿನ ಜೊತೆ ವಿಡಿಯೋ ಮಾಡಿಕೊಡುವ ಒಂದು ಸಾಫ್ಟ್‌ವೇರು. ಏಳು ದಿನ ಪುಕ್ಕಟೆ.

ಪೂಜೆ, ಪ್ರಸಾದ ಮುಗಿದ ಮೇಲೆ ಎಲ್ಲರೂ ಟಿವಿಯ ಮುಂದೆ ಕೂತರು. ಪುಕ್ಕಟೆಗೆ ಸಿಗುವ ರಾಗ ನಾಲ್ಕೇ ನಾಲ್ಕು. ಅದರಲ್ಲಿ ಇದ್ದುದರಲ್ಲೇ ಮೆಲ್ಲನೆಯದನ್ನು ಅವನು ಆರಿಸಿದ್ದ. ಆದರೂ ಮಧ್ಯದಲ್ಲಿ ಡೋಲು ಸೇರಿಕೊಂಡಿತು.

"ಇದೇನ್ಲಾ ರೇಣುಕ, ಬೀಗರ ಊಟಕ್ಕೆ ಬ್ಯಾಂಡ್‌ಸೆಟ್ ಬಂದಂಗೈತೆ!" ಎಂದರು ದೊಡ್ಡಪ್ಪ ಮರುಳಪ್ಪನವರು.

ಯಾರೋ ನಕ್ಕರು. ನಗು ಅಲ್ಲಿಗೇ ನಿಂತಿತು. ಪರದೆಯ ಮೇಲೆ ಹೂವಿನ ಚೌಕಟ್ಟು, ಕೆಳಗೆ ಉರಿಯುವ ದೀಪ, ಒಳಗೆ ಸಿಂಧು. ಮದುವೆಯ ಸಿಂಧು. ಬಸುರಿ ಸಿಂಧು. ಆಮೇಲೆ ನೀಲಿ ಸೀರೆಯಲ್ಲಿ ನಿಸರ್ಗಳನ್ನು ಎತ್ತಿಕೊಂಡು ನಿಂತ...

"ಚಿಕ್ಕಿ!" ಎಂದು ಮಗು ಚಪ್ಪಾಳೆ ತಟ್ಟಿತು.

ಗಿರಿಜಾ ಪರದೆಯನ್ನೇ ದಿಟ್ಟಿಸಿದಳು. ಹೌದು, ಅದು ಸಿಂಧು ಅಲ್ಲ, ತಾನೇ!

"ಚಿಕ್ಕಿ ಅಲ್ಲ ಕಣವ್ವ, ಅಮ್ಮ. ಅಮ್ಮ ಅನ್ನು," ಎಂದರು ಅಜ್ಜಿ ಚಿಕ್ಕಗೌರಮ್ಮ, ರೇಣುಕಪ್ರಸಾದನ ತಾಯಿ. ಅವರ ಕಣ್ಣಿಗೆ ಪೊರೆ ಬಂದಿತ್ತು.

ಮಗು ಟಿವಿ ನೋಡಿತು. ತಿರುಗಿ ಗಿರಿಜಾಳನ್ನು ನೋಡಿತು. ಆಮೇಲೆ ಹೇಳಿಕೊಟ್ಟ ಪಾಠ ಒಪ್ಪಿಸುವಂತೆ, "ಅಮ್ಮ," ಎಂದಿತು.

"ನೋಡಿದ್ರಾ! ಮಗೀನ ಬಾಯಲ್ಲಿ ಶಿವನೇ ನುಡಿಸ್ದ ಕಣ್ರೀ!" ಎಂದರು ನೆಂಟರಲ್ಲಿ ಯಾರೋ.

ಅಕ್ಕ ತೀರಿಹೋದ ಮನೆಗೆ ತಂಗಿಯನ್ನು ಕೊಡುವುದು ಅವರಲ್ಲಿ ಹೊಸದಲ್ಲ. ಆ ಮಾತು ಎರಡೂ ಮನೆಗಳಲ್ಲಿ ಮೂರು ತಿಂಗಳಿಂದ ಸುಳಿದಾಡುತ್ತಿತ್ತು. ಈಗ ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಕಣ್ಣು ಮಾತ್ರ ರೇಣುಕಪ್ರಸಾದನ ಮೇಲೆ. ಅವನು ತಲೆ ತಗ್ಗಿಸಿದ.

'ಬೇಕಂತಲೇ ಮಾಡಿದಾರೆ... ಎಲ್ಲರ ಮುಂದೆ ನನ್ನನ್ನ ಅಕ್ಕನ ಚೌಕಟ್ಟಿನೊಳಗೆ ಕೂರಿಸಿಬಿಟ್ರು!'

ಬಸ್ಸಿನ ಕಿಟಕಿಗೆ ಹಣೆ ಆನಿಸಿ ಅವಳು ತಿಪಟೂರಿನವರೆಗೂ ಅತ್ತಳು. ಸಿಟ್ಟಿಗಿಂತ ದೊಡ್ಡದೊಂದು ಸಂಕಟ ಒಳಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ವರ್ಷವಿಡೀ ಪ್ರತಿ ಭಾನುವಾರ ಮಗುವನ್ನು ನೋಡಲು ಹೋಗುತ್ತಿದ್ದಳು. ಸಂಜೆ ಅವನು ಬಸ್ ಹತ್ತಿಸಲು ಬರುತ್ತಿದ್ದ. ಹೆಚ್ಚು ಮಾತಿಲ್ಲ. ಬಸ್ಸು ತಿರುವು ದಾಟುವವರೆಗೂ ನಿಂತಿರುತ್ತಿದ್ದ, ಅಷ್ಟೆ. ಯಾವಾಗಿನಿಂದಲೋ ಅವಳು ಭಾನುವಾರಕ್ಕೆ ಕಾಯತೊಡಗಿದ್ದಳು. ಕಾಯುತ್ತಿರುವುದು ಮಗುವಿಗಾಗಿ ಮಾತ್ರವಲ್ಲ ಎಂದು ಗೊತ್ತಾದ ದಿನ ಅಕ್ಕನ ಫೋಟೋದ ಮುಂದೆ ನಿಲ್ಲಲಾಗದೆ ಒಳಗೆ ಹೋಗಿದ್ದಳು.

'ಗಿರಿಜಾ ಅಂತ ಕರೆದು ಕೇಳಿದ್ರೆ ಹೂಂ ಅಂದುಬಿಡ್ತಿದ್ದೆನೇನೋ. ಅವರಿಗೆ ಬೇಕಾಗಿರೋದು ನಾನಲ್ಲ. ಅಕ್ಕನ ಹಾಗೆ ಕಾಣೋ ಒಂದು ಮುಖ.'

ಮನೆಗೆ ಹೋದವಳೇ, "ಆ ಸಂಬಂಧ ಬೇಡಮ್ಮ," ಎಂದಳು.

"ಯಾಕೇ? ಮಗೀನ ಗತಿ ಏನೇ?"

"ಬೇಡ ಅಂದ್ನಲ್ಲ, ಬುಡು!"

ನಾಲ್ಕು ದಿನ ಕಳೆಯಿತು. ಅವಳು ಕೆಲಸ ಮಾಡುವುದು ತಿಪಟೂರಿನ ಒಂದು ತೆಂಗಿನಪುಡಿ ಕಾರ್ಖಾನೆಯಲ್ಲಿ. ಪುಡಿಯಲ್ಲಿ ತೇವ ಎಷ್ಟಿದೆ ಎಂದು ಪರೀಕ್ಷಿಸುವ ಕೆಲಸ. ಮಧ್ಯಾಹ್ನ ಜೊತೆಯವಳು ಮರಿಯಮ್ಮ ಬಾಗಿಲಲ್ಲಿ ತಲೆ ಹಾಕಿದಳು.

"ಗಿರಿಜಾ, ನಿಮ್ಮ ಭಾವ ಬಂದವ್ರೆ ಕಣೇ. ಲ್ಯಾಪ್‌ಟಾಪ್ನ ಬಾಣಂತಿ ಮಗು ಎತ್ಕಂಡಂಗೆ ಎತ್ಕಂಡು ಗೇಟಲ್ಲಿ ನಿಂತವ್ರೆ."

"ಇಲ್ಲ ಅಂತ ಹೇಳು."

"ಹೇಳ್ದೆ. ಕಾಯ್ತೀನಿ ಅಂದ್ರು. ಪ್ಲಗ್ ಎಲ್ಲೈತೆ ಅಂತ ಬೇರೆ ಕೇಳ್ತಾವ್ರೆ!"

ಕ್ಯಾಂಟೀನಿನ ಮೂಲೆಯ ಮೇಜಿಗೆ ಅವನು ಲ್ಯಾಪ್‌ಟಾಪ್ ತಂದಿಟ್ಟ. ಅದು ಸಿಂಧುವಿನದು. ಬ್ಯಾಟರಿ ಸತ್ತು ವೈರಿನಲ್ಲೇ ಬದುಕಿತ್ತು. ನಾಲ್ಕು ದಿನದಲ್ಲಿ ಅವನ ಮುಖ ಸೊರಗಿಹೋಗಿತ್ತು.

"ಮದುವೆಗೆ ಒಪ್ಸಕ್ಕೆ ಬಂದಿಲ್ಲ," ಎಂದ. "ನೀನು ಬೇಡ ಅಂದಿದ್ದು ಸರಿ ಅಂತ ಹೇಳಕ್ಕೆ ಬಂದೆ. ಆದ್ರೆ ಕಾರಣ ನೀನು ಅನ್ಕೊಂಡಿರೋದಲ್ಲ. ಅದಕ್ಕೆ."

ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

"ಈ ಸಾಫ್ಟ್‌ವೇರು ಫೋಟೋ ಎಲ್ಲಾ ನೋಡಿ ಯಾರ್ ಯಾರು ಅಂತ ಬೇರೆ ಮಾಡ್ತದೆ. ಅನುಮಾನ ಬಂದ್ರೆ ಎರಡು ಮುಖ ಪಕ್ಕಪಕ್ಕ ಇಟ್ಟು, ಇಬ್ರೂ ಒಬ್ರೇನಾ ಅಂತ ಕೇಳ್ತದೆ. ಹೌದು, ಅಲ್ಲ, ಎರಡೇ ಬಟನ್ನು. ನಿನ್ನನ್ನೂ ಅವಳನ್ನೂ ಬೇರೆಬೇರೆ ಇಟ್ಟಿತ್ತು, ಗಿರಿಜಾ. ಸರಿಯಾಗೇ ಇಟ್ಟಿತ್ತು. ನಾನು... ನಾನು ಹೌದು ಅಂತ ಒತ್ತಿದೆ."

"ಯಾಕೆ?"

"ಸೀರೆ ನೋಡ್ದೆ."

ಅಕ್ಕನ ಸೀರೆಗಳನ್ನೆಲ್ಲ ಅಮ್ಮ ಗಿರಿಜಾಳಿಗೇ ಕೊಟ್ಟಿದ್ದಳು. ಹೋದವಳ ಬಟ್ಟೆ ಒಡಹುಟ್ಟಿದವಳ ಮೈಮೇಲಿರಲಿ ಎನ್ನುವುದು ಅವರ ಮನೆತನದ ರೂಢಿ. ಪ್ರತಿ ಭಾನುವಾರ ಅವಳು ಅವುಗಳಲ್ಲೇ ಒಂದನ್ನು ಉಟ್ಟು ಹೋಗುತ್ತಿದ್ದಳು.

"ನೀಲಿ ಸೀರೆ ಕಂಡ್ರೆ ಸಿಂಧು. ಹಸಿರು ಅಂಚು ಕಂಡ್ರೆ ಸಿಂಧು. ಮುಖ ನೋಡ್ಲೇ ಇಲ್ಲ ನಾನು. ಕಣ್ಣಲ್ಲಿ ನೀರಿತ್ತು, ಒತ್ತುತಾ ಹೋದೆ. ಅವತ್ತು ಮಗು ಚಿಕ್ಕಿ ಅಂದಾಗಲೇ ಗೊತ್ತಾಗಿದ್ದು. ಮೂರು ವರ್ಷದ ಮಗೀಗೆ ಗೊತ್ತಾಯ್ತು, ಈ ಯಂತ್ರಕ್ಕೆ ಗೊತ್ತಾಯ್ತು. ಕಟ್ಕೊಂಡ ಗಂಡಂಗೆ ಗೊತ್ತಾಗ್ಲಿಲ್ಲ ಕಣೇ..."

ಅವನು ಅಂಗೈಯಲ್ಲಿ ಮುಖ ಒರೆಸಿಕೊಂಡ.

"ಒಂದೇ ವರ್ಷಕ್ಕೆ ಅವಳ ಮುಖ ಮರೆತೆ. ನಿನ್ನ ನೋಡ್ವಾಗ ಯಾರನ್ನ ನೋಡ್ತಿದೀನೋ ಅಂತ ಭಯ ಆಯ್ತು. ಅಂಥವನಿಗೆ ನೀನ್ಯಾಕೆ ಸಿಕ್ಕಬೇಕು?"

ನಾಲ್ಕು ದಿನದ ಸಿಟ್ಟು ಎಲ್ಲಿ ಹೋಯಿತೋ ಗಿರಿಜಾಳಿಗೆ ತಿಳಿಯಲಿಲ್ಲ. ಅವಳು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು.

"ತೆಗೀರಿ ಭಾವ. ಬೇರೆ ಮಾಡೋಣ. ನಿಸರ್ಗಂಗೆ ಅವಳ ಅಮ್ಮ ಸಿಗ್ಬೇಕು."

"ಇವತ್ತೇ ಕೊನೇ ದಿನ. ಏಳು ದಿನ ಮುಗೀತದೆ."

"ಹಂಗಾದ್ರೆ ಬೇಗ ತೆಗೀರಿ!"

ಇನ್ನೂರ ಹದಿನೆಂಟು ಫೋಟೋ. ಒಂದೊಂದಾಗಿ ನೋಡಿದರು.

"ಇದು ಅಕ್ಕ. ನಗುವಾಗ ಅವಳ ಕಣ್ಣು ಮುಚ್ಚಿಹೋಗೋವು, ನೋಡಿ."

"ಹೂಂ... ಹೌದು. ನಾನು ಅದಕ್ಕೇ ರೇಗಿಸ್ತಿದ್ದೆ. ಕ್ಯಾಮೆರಾ ಕಂಡ್ರೆ ನಿದ್ದೆ ಬತ್ತದಾ ಅಂತ."

"ಇದೂ ಅಕ್ಕ. ಇದು ನಾನು."

ಸ್ವಲ್ಪ ಹೊತ್ತಿಗೆ ಅವಳು ಹೇಳುವ ಮೊದಲೇ ಅವನು ಹೇಳತೊಡಗಿದ. "ಸಿಂಧು... ಸಿಂಧು... ಇದು ನೀನು. ಇದೂ ನೀನೇ."

ಒಂದು ಫೋಟೋದಲ್ಲಿ ಮುಖವೇ ಇರಲಿಲ್ಲ. ಮಗುವಿಗೆ ಅನ್ನ ಕಲಸುತ್ತಿದ್ದ ಒಂದು ಕೈ, ಹಸಿರು ಅಂಚಿನ ಸೆರಗು. ಅಷ್ಟೇ.

"ನೀನು," ಎಂದ.

"ಸೀರೆ ಅಕ್ಕಂದು. ಹೆಂಗೆ ಗೊತ್ತಾಯ್ತು?"

"ಎಡಗೈ. ಅನ್ನ ಬಲಗೈಲೇ ಕಲಸ್ಬೇಕು ಅಂತ ನಮ್ಮವ್ವ ಬೈದಾಗೆಲ್ಲ ಕೈ ಬದಲಾಯಿಸ್ತೀಯ. ಅವ್ರು ಅತ್ತ ತಿರುಗಿದ ತಕ್ಷಣ ಮತ್ತೆ ಎಡಗೈ! ನಾನು ಜಗಲೀಲಿ ಕೂತು ನೋಡ್ತಿರ್ತಿದ್ದೆ. ನಗು ಬರೋದು. ಆ ವರ್ಷದಲ್ಲಿ ನಂಗೆ ನಗು ಬರ್ತಿದ್ದುದು ಅದೊಂದಕ್ಕೇ..."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಗೊತ್ತಾಯಿತು. ಕಿವಿಯವರೆಗೂ ಕೆಂಪಾದ.

ಗಿರಿಜಾ ತನ್ನ ಎಡಗೈಯನ್ನೇ ನೋಡಿಕೊಂಡಳು. ಎಡಗೈಯ ಚಾಳಿ ಅಕ್ಕನಿಗಿರಲಿಲ್ಲ. 'ನೋಡಿದಾರೆ... ನನ್ನನ್ನೂ ನೋಡಿದಾರೆ!'

ಎರಡು ಗುಂಪುಗಳಾದವು. ಮೊದಲನೆಯದಕ್ಕೆ ಅವನು 'ಸಿಂಧು' ಎಂದು ಬರೆದ. ಎರಡನೆಯದಕ್ಕೆ ಹೆಸರು ಕೇಳಿತು. ಒಂದೊಂದೇ ಅಕ್ಷರ ಹುಡುಕಿ 'ಗಿರಿಜಾಂಬಿಕಾ' ಎಂದು ಪೂರ್ತಿ ಬರೆದ. ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕರೆಯುತ್ತಿರಲಿಲ್ಲ.

ಒಂದು ಫೋಟೋ ಮಾತ್ರ ಉಳಿಯಿತು. ತಾರಸಿಯ ಮೇಲೆ ಯಾರೋ ಬೆನ್ನು ಮಾಡಿ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದಾರೆ. ನೀಲಿ ಸೀರೆ. ಕೈ ಎರಡೂ ಕೂದಲ ಹಿಂದೆ. ಯಾರದೋ ಮೊಬೈಲಿನಿಂದ ಬಂದದ್ದು, ತಾರೀಖೂ ಇಲ್ಲ.

"ನೀನಾ?"

"ಗೊತ್ತಿಲ್ಲ ಭಾವ. ನಾನೂ ಅಲ್ಲಿ ನಿಂತಿದೀನಿ... ಅಕ್ಕನೂ ನಿಲ್ತಿದ್ಲು."

ಇಬ್ಬರೂ ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಯಾವ ಗುಂಪಿಗೂ ಹಾಕಲಿಲ್ಲ.

ಅಮ್ಮನ ವಿಡಿಯೋ ಹೊಸದಾಗಿ ಸಿದ್ಧವಾಯಿತು. ಈ ಸಲ ಗಿರಿಜಾ ರಾಗವನ್ನೇ ತೆಗೆಸಿದಳು. ಬರೀ ಸಿಂಧು, ಒಂದಾದ ಮೇಲೊಂದು, ಕಣ್ಣು ಮುಚ್ಚಿ ನಗುತ್ತ ಬಂದು ಹೋದಳು. ಇಬ್ಬರೂ ಅತ್ತರು. ಮರಿಯಮ್ಮ ಎರಡು ಲೋಟ ಕಾಫಿ ತಂದಿಟ್ಟು, ಏನೂ ಕೇಳದೆ ಹೋದಳು.

"ಅಕ್ಕನ ಜಾಗಕ್ಕೆ ನಾನು ಬರಲ್ಲ ಭಾವ," ಎಂದಳು ಗಿರಿಜಾ, ಕಣ್ಣೊರೆಸಿಕೊಂಡು.

"ಆ ಜಾಗ ಖಾಲಿ ಇಲ್ಲ ಕಣೇ."

"ಮತ್ತೆ ನಾನು ಎಲ್ಲಿಗೆ ಬರ್ಲಿ?"

ಅವನು ತಡವರಿಸಿ, "ನಿಂಗೆ ಅಂತ ಬೇರೆ ಜಾಗ ಆಗೈತೆ. ಯಾವಾಗ ಆಯ್ತೋ ನಂಗೆ ಗೊತ್ತಾಗ್ಲಿಲ್ಲ. ಬತ್ತೀಯಾ... ಗಿರಿಜಾಂಬಿಕಾ?" ಎಂದ.

"ನನ್ನ ಸೀರೆ ಉಟ್ಕೊಂಡು ಬತ್ತೀನಿ," ಎಂದಳು. "ನನ್ನ ದುಡ್ಡಲ್ಲಿ ತಗೊಂಡಿರೋದು. ಒಂದು ಮಾತು. ನಿಸರ್ಗ ನನ್ನ ಚಿಕ್ಕಿ ಅಂತಲೇ ಕರೀಬೇಕು."

"ಅವಳು ಯಾವತ್ತೂ ತಪ್ಪು ಕರೆದಿಲ್ಲ. ತಪ್ಪು ಹೇಳಿಕೊಟ್ಟೋರು ನಾವು."

ಆಷಾಢ ಕಳೆದ ಮೇಲೆ ಸರಳವಾಗಿ ಮದುವೆಯಾಯಿತು. ಇಷ್ಟು ನನಗೆ ತಿಳಿದಿದೆ. ತಾರಸಿಯ ಮೇಲೆ ಬೆನ್ನು ಮಾಡಿ ನಿಂತವಳು ಯಾರು, ನನಗೆ ಗೊತ್ತಿಲ್ಲ. ರೇಣುಕಪ್ರಸಾದನಿಗೆ ಗಿರಿಜಾಳ ಮೇಲೆ ಹುಟ್ಟಿದ ಪ್ರೀತಿಯಲ್ಲಿ ಅಕ್ಕನ ಪಾಲೆಷ್ಟು, ತಂಗಿಯ ಪಾಲೆಷ್ಟು ಎನ್ನುವುದೂ ಗೊತ್ತಿಲ್ಲ. ಗಿರಿಜಾಳಿಗೂ ಗೊತ್ತಿಲ್ಲವಂತೆ.