ಏಳೂ ಸೀಟು ಭರ್ತಿ

ಜುಲೈ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕಾರ್ಲ್‌ಸ್ಟಾಡ್ ಪೊಲೀಸ್ ಠಾಣೆಗೆ ದೂರೊಂದು ಬಂತು. ಅರ್ಧ ಊರೇ ರಜೆಯ ಮೇಲೆ ಹೋಗಿತ್ತು. ಠಾಣೆಯಲ್ಲಿ ಉಳಿದವರು ಇಬ್ಬರೇ: ಇನ್ನೆರಡು ವರ್ಷಕ್ಕೆ ನಿವೃತ್ತಳಾಗಲಿರುವ ಇನ್‌ಸ್ಪೆಕ್ಟರ್ ಗುಡ್ರುನ್ ಸಂಡೆಲಿನ್, ಮತ್ತು ರಜೆ ಸಿಗದ ಸಿಟ್ಟನ್ನು ಕಾಫಿ ಯಂತ್ರದ ಮೇಲೆ ತೀರಿಸಿಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಮೆಲ್ಕರ್.

ದೂರುದಾರ ಕಾನ್ನಿ ಎಕ್ವಾಲ್, ಊರ ಹೊರಗಿನ ಸೆಕೆಂಡ್ ಹ್ಯಾಂಡ್ ಕಾರುಗಳ ಶೋರೂಮಿನಲ್ಲಿ ಮಾರಾಟದ ಕೆಲಸದವನು. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಗಿರಾಕಿಯೊಬ್ಬ ಕಡು ಹಸಿರು ಬಣ್ಣದ ದೊಡ್ಡ ಕಾರೊಂದನ್ನು ಓಡಿಸಿ ನೋಡಲು ಒಯ್ದಿದ್ದ. ಏಳು ಸೀಟಿನದು, ಚರ್ಮದ ಹೊದಿಕೆ, ಗಾಜಿನ ಚಾವಣಿ. ಒಂದು ಗಂಟೆಯಲ್ಲಿ ತರುತ್ತೇನೆ ಎಂದವನು ಈವರೆಗೂ ಬಂದಿಲ್ಲ.

"ಗಿರಾಕಿ ಹೆಸರು?" ಗುಡ್ರುನ್ ಕೇಳಿದಳು.

"ಹೆನ್ನಿಂಗ್."

"ಮನೆತನದ ಹೆಸರು?"

ಕಾನ್ನಿ ಚಾವಣಿ ನೋಡಿದ. "ಅದು ಕೇಳ್ಲಿಲ್ಲ."

"ಲೈಸೆನ್ಸ್?"

"ತೋರಿಸ್ದ. ನಾನು ಹ್ಞೂಂ ಅಂದೆ. ಜೆರಾಕ್ಸ್ ಮಾಡ್ಕೋಬೇಕಿತ್ತು, ಮಿಷನ್ ಆಗಲೇ ಆಫ್ ಮಾಡ್ಬಿಟ್ಟಿದ್ದೆ. ಸಂಜೆಯಿಂದ ನಂಗೂ ರಜ ಕಣ್ರೀ. ಹೆಂಡತಿ ಕ್ಯಾಂಪಿಂಗ್ ಜಾಗದಲ್ಲಿ ಒಬ್ಳೇ ಕೂತು ಉರಿದುಬೀಳ್ತಿದಾಳೆ."

ಪ್ರಧಾನಿಯಿಂದ ಜವಾನನವರೆಗೆ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುವ ದೇಶ ಇದು. ಅಭ್ಯಾಸವೇನೋ ಚೆನ್ನಾಗಿಯೇ ಇದೆ, ಪೊಲೀಸರ ಪಾಲಿಗೆ ಮಾತ್ರ ತಲೆನೋವು. ಗುಡ್ರುನ್ ಎಫ್‌ಐಆರ್ ದಾಖಲಿಸಿ, ಕಾರಿನ ನಂಬರನ್ನು ಎಲ್ಲ ಠಾಣೆಗಳಿಗೂ ಕಳುಹಿಸಿ, ಮೆಲ್ಕರನನ್ನು ಕರೆದುಕೊಂಡು ಶೋರೂಮಿಗೆ ಹೊರಟಳು.

ಹತ್ತೂವರೆಗೆ ಸ್ಥಳ ಮಹಜರು ಶುರುವಾಯಿತು. ಗಿರಾಕಿ ಸೈಕಲ್ಲಿನಲ್ಲಿ ಬಂದಿದ್ದನಂತೆ. ಸೈಕಲ್ಲು ಅಂಗಳದ ಗೋಡೆಗೆ ಒರಗಿತ್ತು. ಹಿಂದೆ ಮಗು ಕೂರುವ ಸೀಟು. ಹ್ಯಾಂಡಲಿನಲ್ಲಿ ಮುಳ್ಳುಹಂದಿಯ ಚಿತ್ರ ಅಂಟಿಸಿದ ಪುಟ್ಟ ಹೆಲ್ಮೆಟ್ ತೂಗುತ್ತಿತ್ತು.

"ಕಾರಲ್ಲಿ ಏನೇನು ನೋಡಿದ?"

"ಅದೇ ವಿಚಿತ್ರ. ಇಂಜಿನ್ ಬಗ್ಗೆ ಒಂದು ಮಾತು ಕೇಳ್ಲಿಲ್ಲ. ಚರ್ಮ ಮುಟ್ಟಿ ನೋಡ್ಲಿಲ್ಲ. ಹಾಡು ಹಾಕಿ ಕೇಳಿಸ್ತೀನಿ ಅಂದ್ರೆ ಬೇಡ ಅಂದ. ಸೀದಾ ಹೋಗಿ ಕೊನೇ ಸಾಲಲ್ಲಿ ಕೂತ. ಅಷ್ಟೆತ್ತರದ ಆಸಾಮಿ, ಮಂಡಿ ಕಿವಿಗೆ ತಾಗ್ತಿತ್ತು. ಅಲ್ಲಿಂದ, 'ಕಾನ್ನಿ, ಡ್ರೈವರ್ ಸೀಟಲ್ಲಿ ಕೂತು ಏನಾದ್ರೂ ಮಾತಾಡು' ಅಂದ."

"ನೀವೇನು ಮಾತಾಡಿದ್ರಿ?"

"ಕಾರಿನ ಬೆಲೆ ಹೇಳ್ದೆ. ಇನ್ನೇನು ಹೇಳ್ಲಿ? 'ಕೇಳಿಸ್ತು, ಇನ್ನೂ ಮೆಲ್ಲಗೆ ಹೇಳು' ಅಂದ. ಮೆಲ್ಲಗೆ ಹೇಳ್ದೆ. ಅದೂ ಕೇಳಿಸ್ತಂತೆ, ಮುಖ ಅರಳ್ತು. ಹಿಂದಿನ ಸಾಲಿಗೆ ತಂಗಾಳಿ ಬರತ್ತಾ ಅಂತ ನೋಡ್ದ. ಮಗು ಬೆಲ್ಟ್ ಮೂರು ಸಲ ಹಾಕಿ ತೆಗೆದು ನೋಡ್ದ. ಕಳ್ಳ ಯಾವನಾದ್ರೂ ಹಂಗ್ ಮಾಡ್ತಾನಾ, ನೀವೇ ಹೇಳಿ."

ಪಕ್ಕದಲ್ಲಿ ಅದೇ ಜಾತಿಯ ಇನ್ನೊಂದು ಕಾರು ನಿಂತಿತ್ತು. ಗುಡ್ರುನ್ ಸೊಂಟ ಹಿಡಿದುಕೊಂಡು, ನಡುವಿನ ಸೀಟು ಮಡಚಿ, ಕೊನೆಯ ಸಾಲಿಗೆ ನುಸುಳಿ ಕೂತಳು. ಮೆಲ್ಕರನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಡ್ರೈವರನ ತಲೆ ಬಹಳ ದೂರದಲ್ಲಿ, ಚಿಕ್ಕದಾಗಿ ಕಾಣುತ್ತಿತ್ತು. ಇಲ್ಲಿ ಕೂರುವುದು ಯಾರೋ ಪುಟ್ಟ ಮಗು. ಕಾರು ಹತ್ತಿದರೆ ವಾಂತಿ ಮಾಡಿಕೊಳ್ಳುವ ಮಗು. ಆ ಮಗು ತಾನು ಒಂಟಿ ಎಂದುಕೊಳ್ಳಬಾರದು ಎಂಬುದಷ್ಟೇ ಈ ಹೆನ್ನಿಂಗನ ಚಿಂತೆ.

"ಪಾರ್ಕಿಂಗ್ ಕಂಪನಿಗಳಿಗೆಲ್ಲ ಫೋನ್ ಹಾಕು," ಅಲ್ಲಿಂದಲೇ ಹೇಳಿದಳು.

"ಕದ್ದ ಕಾರಿಗೆ ಯಾರು ಪಾರ್ಕಿಂಗ್ ದುಡ್ಡು ಕಟ್ತಾರೆ?"

"ಬೆಲ್ಟ್ ಮೂರು ಸಲ ನೋಡ್ದೋನು ಕಟ್ತಾನೆ. ಮೊದಲು ನನ್ನ ಇಲ್ಲಿಂದ ಎಳಿ, ಮಂಡಿ ಸಿಕ್ಕಿಹಾಕ್ಕೊಂಡಿದೆ."

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೆಲ್ಕರ್ ಫೋನ್ ಕೆಳಗಿಟ್ಟು ಮೇಜು ಗುದ್ದಿ ನಕ್ಕ. ಪಶ್ಚಿಮ ಕರಾವಳಿಯ ಗ್ರೋಹಮ್ನ್ ಎಂಬ ಮೀನುಗಾರರ ಹಳ್ಳಿಯ ಬಂದರಿನಲ್ಲಿ, ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ, ಆ ಹಸಿರು ಕಾರಿನ ನಂಬರಿಗೆ ಫೋನಿನಲ್ಲೇ ಪಾರ್ಕಿಂಗ್ ಹಣ ಸಂದಾಯವಾಗಿತ್ತು. ಕಟ್ಟಿದವನು ತನ್ನ ಪೂರ್ತಿ ಹೆಸರಿನಲ್ಲೇ ಕಟ್ಟಿದ್ದ: ಹೆನ್ನಿಂಗ್ ಬ್ರೋಮಾನ್, ನಲವತ್ತೊಂದು ವರ್ಷ, ಕಾರ್ಲ್‌ಸ್ಟಾಡಿನ ಶಾಲೆಯೊಂದರಲ್ಲಿ ಅಡುಗೆಯವನು. ಹಿಂದೆ ಒಂದೇ ಒಂದು ಕೇಸಿಲ್ಲ.

"ಇಂಥ ಕಳ್ಳರೇ ಇದ್ರೆ ನಮ್ಗೂ ಬೇಸಿಗೆ ರಜ ಸಿಗ್ತಿತ್ತು," ಅಂದ ಮೆಲ್ಕರ್.

ಹೆನ್ನಿಂಗನ ಮನೆ ಬೀಗ ಹಾಕಿತ್ತು. ಎದುರು ಮನೆಯವರು ಮಾರಿತ್ ಎಂಬವಳ ವಿಳಾಸ ಕೊಟ್ಟರು. ಐದೂವರೆಗೆ ಇಬ್ಬರೂ ಅವಳ ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಹೋದರು. ಮಾರಿತ್ ಐದು ವರ್ಷ ಹೆನ್ನಿಂಗನೊಡನೆ ಬಾಳಿದವಳು. ಅವಳಿಗೆ ಮೊದಲ ಮದುವೆಯಿಂದ ಮೂವರು ಮಕ್ಕಳು, ಅವನಿಗೆ ಇಬ್ಬರು. ಎರಡು ವರ್ಷದ ಹಿಂದೆ ದೊಡ್ಡವರಿಬ್ಬರೂ ಬೇರೆಯಾಗಿದ್ದರು. ಮಕ್ಕಳು ಮಾತ್ರ ಬೇರೆಯಾಗಲು ಒಪ್ಪಿರಲಿಲ್ಲ.

"ಹೆನ್ನಿಂಗ್ ಕಾರು ತಗೊಂಡ ಅಂತ ಮಕ್ಕಳು ಕುಣೀತಾ ಹತ್ತಿದ್ರು. ಐದೂ ಜನ. ಭಾನುವಾರ ಬರ್ತೀವಿ ಅಂದ್ರು. ನಂಗೂ ಖುಷಿಯಾಯ್ತು," ಎಂದಳು ಮಾರಿತ್. ವಿಷಯ ತಿಳಿದ ಮೇಲೆ ಕುರ್ಚಿಗೆ ಕುಸಿದು ಕೂತಳು. "ಅಯ್ಯೋ, ಎಂಥ ದಡ್ಡ!"

"ಯಾಕೆ ಮಾಡಿರಬಹುದು?"

"ಅವನ ಕಾರು ಐದು ಸೀಟಿಂದು. ಮಕ್ಕಳು ಐದು, ಅವನು ಆರನೆಯವನು. ಪ್ರತಿ ಸಲ ಚೀಟಿ ಎತ್ತಿ ಒಬ್ರನ್ನ ನನ್ ಹತ್ರ ಬಿಟ್ಟು ಹೋಗ್ತಿದ್ದ. ಹೋದ ತಿಂಗಳು ಚೀಟಿ ತೂವಾಗೆ ಬಂತು. ನನ್ನ ಕೊನೇಳು, ಏಳು ವರ್ಷ. ಕೈಗೂಸಾಗಿದ್ದಾಗಿನಿಂದ ಅವನ ಹೆಗಲ ಮೇಲೇ ಬೆಳೆದೋಳು. ಅಳ್ಲಿಲ್ಲ, ರಂಪ ಮಾಡ್ಲಿಲ್ಲ. 'ಕಾರಲ್ಲಿ ಹಿಡಿಸ್ದೇ ಇರೋರು ಮನೆಯವರಲ್ಲ ಅಲ್ವಾ ಹೆನ್ನಿಂಗ್' ಅಂತ ಕೇಳಿ ಒಳಗೆ ಹೋದ್ಲು. ಅವನು ಅಲ್ಲೇ ಹೊರಗೆ ಎಷ್ಟೋ ಹೊತ್ತು ನಿಂತಿದ್ದ."

ಗುಡ್ರುನ್ ಆ ಪ್ರಶ್ನೆಯನ್ನು ಇದ್ದ ಹಾಗೆಯೇ ಬರೆದುಕೊಂಡಳು.

"ಕಾನೂನಲ್ಲಿ ನನ್ನ ಮಕ್ಕಳಿಗೂ ಅವನಿಗೂ ಏನೂ ಸಂಬಂಧ ಇಲ್ಲ, ಗೊತ್ತಲ್ಲ," ಮಾರಿತ್ ಮತ್ತೆ ಹೇಳಿದಳು. "ನಾನು ಕಳಿಸಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಈಗ ಅವನು ಕಳ್ಳ ಅಂತಾದ್ರೆ ಮಕ್ಕಳ ಅಪ್ಪ ಸುಮ್ನಿರ್ತಾನಾ? ಮಕ್ಕಳ ಎದುರಿಗೇ ಬೇಡಿ ಹಾಕ್ತೀರಾ?"

"ನೀವೀಗ ಅವನಿಗೆ ಫೋನ್ ಮಾಡ್ಬೇಡಿ," ಅಂದಳು ಗುಡ್ರುನ್. "ಹೆದರಿ, ಐದು ಮಕ್ಕಳನ್ನ ಕೂರಿಸ್ಕೊಂಡು ಗಾಡಿ ಓಡಿಸಿದ್ರೆ ಕಷ್ಟ. ಅಲ್ಲಿನ ಠಾಣೆಗೂ ನಾಳೆವರೆಗೆ ದೂರದಿಂದ ನೋಡ್ತಿರಿ ಅಷ್ಟೇ ಅಂದಿದ್ದೀನಿ. ಮಿಕ್ಕಿದ್ದು ನನಗೆ ಬಿಡಿ."

ಬಾಗಿಲಿಗೆ ಬಂದು ಶೂ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಇಬ್ಬರೂ ಮಫ್ತಿಯಲ್ಲಿ ಹೊರಟರು. ಮೂರು ತಾಸಿನ ದಾರಿ.

"ಬೋನಸ್ ಅಪ್ಪ," ಮೆಲ್ಕರ್ ಗೇರು ಬದಲಿಸುತ್ತ ಅಂದ. "ಮಲತಂದೆಗೆ ಈಗ ಹಂಗಂತಾರೆ. ನನ್ನ ಅಣ್ಣನೂ ಅಂಥವನೇ."

"ನಮ್ಮ ಕಾಲದಲ್ಲಿ ಪ್ಲಾಸ್ಟಿಕ್ ಅಪ್ಪ ಅಂತಿದ್ವಿ. ನಂಗಿದ್ದ. ಈಜು ಕಲಿಸ್ದೋನು ಅವನೇ."

"ಸ್ವಂತ ಅಪ್ಪ?"

"ಸ್ವಂತ ಅಪ್ಪನಿಗೆ ನೀರು ಕಂಡ್ರೆ ಭಯ. ರಸ್ತೆ ನೋಡು."

ಗ್ರೋಹಮ್ನಿನ ಬಂದರಿನಲ್ಲಿ ಹಸಿರು ಕಾರು ಗೆರೆ ತಪ್ಪದೆ ನಿಂತಿತ್ತು. ಮೆಲ್ಕರ್ ಗಾಜಿನೊಳಗೆ ಇಣುಕಿದ. ಏಳೂ ಸೀಟಿನ ಮೇಲೆ ಸ್ನಾನದ ಟವೆಲ್ಲು ಹಾಸಿತ್ತು. ಮರಳು ಒಳಗೆ ಬರಬಾರದೆಂದು ಮಕ್ಕಳ ಚಪ್ಪಲಿಗಳನ್ನೆಲ್ಲ ಹಿಂದೆ ಒಂದು ಬಕೆಟ್ಟಿನಲ್ಲಿ ತುಂಬಿಸಿಟ್ಟಿದ್ದ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ.

ಮರದ ಕಟ್ಟೆಯ ಮೇಲೆ ಐದು ಮಕ್ಕಳು ಸಾಲಾಗಿ ಬೋರಲು ಮಲಗಿದ್ದರು. ದಾರದ ತುದಿಗೆ ಬಟ್ಟೆ ಕ್ಲಿಪ್ಪು, ಕ್ಲಿಪ್ಪಿಗೆ ಒಡೆದ ಚಿಪ್ಪಿನ ಮಾಂಸ; ಏಡಿ ಹಿಡಿಯುವ ಕೆಲಸ ಭರದಿಂದ ಸಾಗಿತ್ತು. ಅವರ ಹಿಂದೆ ಉದ್ದನೆಯ ಗಂಡಸೊಬ್ಬ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ಗುಡ್ರುನ್ ಬಂದು ಪಕ್ಕದಲ್ಲಿ ಕೂತಾಗ ಅವನು ತಿರುಗಿ ನೋಡಿದ. ನೋಡಿದ ಕೂಡಲೇ ತಿಳಿಯಿತು. ಮುಖ ಬಿಳಿಚಿಕೊಂಡಿತು. ಆದರೂ ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸಿ ಅವಳಿಗೆ ಕೊಟ್ಟ.

"ಪೊಲೀಸಾ?"

"ಹೌದು. ಗುಡ್ರುನ್. ಕಾರ್ಲ್‌ಸ್ಟಾಡ್ ಠಾಣೆ. ಮೊದಲೇ ಪ್ಲಾನ್ ಮಾಡಿದ್ರಾ?"

"ಇಲ್ಲ. ಎಲ್ರೂ ಹಿಡಿಸ್ತಾರಾ ನೋಡೋಣ ಅಂತ ಮಕ್ಕಳನ್ನ ಹತ್ತಿಸ್ಕೊಂಡೆ. ಹಿಡಿಸಿದ್ರು. ಒಂದು ಸುತ್ತು ಹಾಕಿ ವಾಪಸ್ ಕೊಡೋಣ ಅಂದ್ಕೊಂಡೆ. ಪ್ರತಿ ತಿರುವಲ್ಲೂ ಅಂದ್ಕೊಂಡೆ. ಹಿಂದಿನಿಂದ ತೂವಾ ಹಾಡ್ತಿದ್ಲು. ಎರಡು ವರ್ಷ ಆಗಿತ್ತು ಅವಳು ಕಾರಲ್ಲಿ ಹಾಡಿ."

"ಬಾಡಿಗೆಗೆ ತಗೋಬಹುದಿತ್ತು."

"ಕೇಳ್ದೆ. ಜುಲೈ ತಿಂಗಳು, ದೊಡ್ಡ ಗಾಡಿ ಎಲ್ಲೂ ಇಲ್ಲ. ಅಡುಗೆಯವನ ಸಂಬಳಕ್ಕೆ ಈ ಕಾರು ಬರಲ್ಲ ಅಂತ್ಲೂ ಗೊತ್ತಿತ್ತು. ಆದ್ರೂ ನೋಡೋಕೆ ಹೋದೆ." ಅವನು ತೂವಾಳ ಕಡೆ ನೋಡಿದ. "ಅವಳು ಕೇಳಿದ ಪ್ರಶ್ನೆಗೆ ಬಾಯಲ್ಲಿ ಹೇಳಿದ್ರೆ ನಂಬ್ತಿರ್ಲಿಲ್ಲ."

ಅಷ್ಟರಲ್ಲಿ ಪುಟ್ಟ ಹುಡುಗಿಯೊಬ್ಬಳು ಏಡಿಯನ್ನು ಬೆನ್ನು ಕಡೆಯಿಂದ ಹಿಡಿದುಕೊಂಡು ಓಡಿಬಂದಳು. ಮುಂದಿನ ಎರಡು ಹಲ್ಲಿರಲಿಲ್ಲ.

"ನೋಡಿ, ಇವನ ಹೆಸರು ರಾಜ! ಈಗ ರೇಸ್ ಇದೆ. ನೀವೂ ನೋಡ್ತೀರಾ?"

"ನೋಡದೆ ಹೋಗ್ತೀನಾ?" ಅಂದಳು ಗುಡ್ರುನ್.

ತೂವಾಳ ಹಿಂದೆಯೇ ಬಂದ ದೊಡ್ಡವಳು ಸಿಗ್ನೆ, ಹದಿನಾಲ್ಕು ವರ್ಷದವಳು. ಅವಳು ಗುಡ್ರುನಳನ್ನು, ಹೆನ್ನಿಂಗನ ಮುಖವನ್ನು, ದೂರದಲ್ಲಿ ನಿಂತ ಮೆಲ್ಕರನನ್ನು ಒಂದೊಂದಾಗಿ ನೋಡಿದಳು. ತಂಗಿಯ ಹೆಗಲ ಮೇಲೆ ಕೈ ಹಾಕಿ ನೀರಿನ ಕಡೆ ಕರೆದೊಯ್ದಳು. ಅರ್ಥವಾದರೂ ಅರ್ಥವಾಗದವಳಂತೆ ನಡೆದ ಆ ಹುಡುಗಿಯನ್ನು ನೋಡುತ್ತ ಗುಡ್ರುನ್ ಕಾಫಿ ಲೋಟ ಕೆಳಗಿಟ್ಟಳು.

"ಹೆನ್ನಿಂಗ್ ಬ್ರೋಮಾನ್," ಅವಳು ಸಣ್ಣ ದನಿಯಲ್ಲಿ ಹೇಳಿದಳು, "ನಿಮ್ಮನ್ನು ಬಂಧಿಸ್ತಿದ್ದೀನಿ. ಕಾಫಿ ಮುಗಿಸಿ. ರೇಸೂ ಮುಗೀಲಿ."

ಹನ್ನೊಂದು ಗಂಟೆ ಐದು ನಿಮಿಷ. ಏಡಿಗಳು ಅಡ್ಡಡ್ಡ ಓಡಿ ನೀರು ಸೇರಿದವು. ರಾಜ ಕೊನೆಗೆ ಬಂದ. ತೂವಾ ಅವನನ್ನೂ ಚಪ್ಪಾಳೆ ತಟ್ಟಿಯೇ ಕಳುಹಿಸಿದಳು.

ಆಮೇಲೆ ತೊಡಕು ಎದುರಾಯಿತು. ಪೊಲೀಸ್ ಕಾರು ಐದು ಸೀಟಿನದು. ನಿಯಮದಂತೆ ಆರೋಪಿಯನ್ನು ಅದರಲ್ಲಿ ಒಯ್ಯಬೇಕು, ಮಕ್ಕಳಿಗೆ ಬೇರೆ ವಾಹನ ತರಿಸಬೇಕು. ಮೆಲ್ಕರ್ ತಲೆ ಕೆರೆದುಕೊಂಡ.

"ಸರ್ಕಾರದ ಕಾರಲ್ಲೂ ಹಿಡಿಸಲ್ವಲ್ಲ."

ತೂವಾ ಕೇಳಿಸಿಕೊಂಡಳು. ಅವಳ ಮುಖ ಸಪ್ಪಗಾಯಿತು. "ಚೀಟಿ ಎತ್ಬೇಕಾ?" ಎಂದು ಕೇಳಿದಳು.

ಹೆನ್ನಿಂಗ್ ತಲೆ ತಗ್ಗಿಸಿದ. ಗುಡ್ರುನ್ ಅವನ ಮುಂದೆ ಕೈ ಚಾಚಿದಳು.

"ಹಸಿರು ಕಾರಿನ ಕೀಲಿ ಕೊಡಿ. ಜಪ್ತಿಯಾದ ವಾಹನ ಠಾಣೆಗೆ ಒಯ್ಯೋದು ನನ್ನ ಕೆಲಸ. ನಾನು ಓಡಿಸ್ತೀನಿ, ನೀವು ನನ್ನ ಪಕ್ಕ. ಮಕ್ಕಳು ಹಿಂದೆ. ಮೆಲ್ಕರ್, ನೀನು ನಮ್ಮ ಹಿಂದೆ ಬಾ."

"ಗುಡ್ರುನ್, ಇದನ್ನ ವರದೀಲಿ ಹೆಂಗೆ ಬರೀತೀಯ?"

"ಏಳು ಸೀಟು, ಏಳು ಜನ ಅಂತ. ಲೆಕ್ಕ ಸರಿಯಾಗಿದೆ."

ಕಾರು ಬೆಣ್ಣೆಯಂತೆ ಹೋಯಿತು. ಗುಡ್ರುನ್ ಜೀವನದಲ್ಲಿ ಅಂಥದ್ದನ್ನು ಓಡಿಸಿರಲಿಲ್ಲ, ಒಳಗೊಳಗೇ ಸಂತೋಷವೂ ಪಟ್ಟಳು. ಹೆದ್ದಾರಿ ಸೇರಿದ ಮೇಲೆ ಹಿಂದೆ ಗದ್ದಲ ತಗ್ಗಿತು. ಹೆನ್ನಿಂಗ್ ಅಂಗೈಗಳನ್ನು ಮಂಡಿಗಳ ಮಧ್ಯೆ ಒತ್ತಿ ಹಿಡಿದುಕೊಂಡಿದ್ದ. ಬಹಳ ಹೊತ್ತಿನ ಮೇಲೆ, ತಿರುಗದೆ, ತೀರಾ ಮೆಲ್ಲಗೆ ಕೇಳಿದ:

"ತೂವಾ, ಹಿಂದೆ ಕೇಳಿಸ್ತಿದ್ಯಾ?"

"ಕೇಳಿಸ್ತಿದೆ," ಅಂತ ಕೊನೆಯ ಸಾಲಿನಿಂದ ನಿದ್ದೆಗಣ್ಣಿನ ದನಿ ಬಂತು. "ಎಲ್ಲರೂ ಹಿಡಿಸಿದ್ವಿ ಅಲ್ವಾ ಹೆನ್ನಿಂಗ್?"

"ಹೌದು ಪುಟ್ಟ."

ಗುಡ್ರುನ್ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಪಕ್ಕದವನು ಅಳುತ್ತಿದ್ದಾನೆ ಎಂಬುದು ನೋಡದೆಯೂ ಗೊತ್ತಾಗುತ್ತಿತ್ತು.

ಮಾರಿತ್ ಠಾಣೆಯ ಅಂಗಳದಲ್ಲಿ ಕಾಯುತ್ತಿದ್ದಳು. ಮಕ್ಕಳನ್ನು ಇಳಿಸಿಕೊಂಡಳು, ಮಲಗಿದ್ದ ತೂವಾಳನ್ನು ಹೆಗಲಿಗೆ ಹಾಕಿಕೊಂಡಳು. ಹೆನ್ನಿಂಗನ ಎದುರು ಬಂದು ನಿಂತಾಗ, ಇವಳೀಗ ಮುಖಕ್ಕೆ ಉಗಿಯುತ್ತಾಳೆ ಎಂದೇ ಮೆಲ್ಕರ್ ಹೆದರಿದ್ದ.

"ಮಕ್ಕಳ ಅಪ್ಪನ ಹತ್ರ ನಾನು ಮಾತಾಡ್ದೆ. ಕೂಗಾಡ್ದ. ಕೂಗಾಡ್ಲಿ," ಅಂದಳು ಮಾರಿತ್. "ಗುರುವಾರ ಪ್ಯಾನ್‌ಕೇಕ್ ಮಾಡೋಕೆ ಬಾ. ನಾನು ಮಾಡಿದ್ದು ರಬ್ಬರ್ ಅಂತೆ, ಯಾರೂ ತಿನ್ನಲ್ಲ."

"ಬಿಟ್ರೆ ಬರ್ತೀನಿ," ಅಂದ ಹೆನ್ನಿಂಗ್.

ಹೇಳಿಕೆ ಪಡೆದು ಆ ಸಂಜೆಯೇ ಬಿಟ್ಟರು. ಮುಂದೆ ನ್ಯಾಯಾಲಯ ದಂಡ ಹಾಕಿತು. ಅವನು ತಕರಾರಿಲ್ಲದೆ ಕಟ್ಟಿದ. ಹಸಿರು ಕಾರನ್ನು ಒಂದು ನಾಯಿ ಸಾಕಿದ ದಂಪತಿ ಕೊಂಡರು ಎಂದು ಕಾನ್ನಿ ತಿಳಿಸಿದ. ಆಗಸ್ಟಿನಲ್ಲಿ ಐದು ಮಕ್ಕಳೂ ಹೆನ್ನಿಂಗನೂ ರೈಲಿನಲ್ಲಿ ಸಮುದ್ರಕ್ಕೆ ಹೋದ ಸುದ್ದಿಯೂ ಬಂತು. ರೈಲಿನಲ್ಲಿ ಎಷ್ಟು ಜನ ಬೇಕಾದರೂ ಹಿಡಿಸುತ್ತಾರೆ ಎಂಬುದು ತೂವಾಳ ಶೋಧವಂತೆ.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ಸಂಜೆ ಎಲ್ಲರೂ ಹೋದ ಮೇಲೆ ಗುಡ್ರುನ್ ವರದಿ ಬರೆಯಲು ಕೂತಳು. ದೂರು, ಮಹಜರು, ಜಪ್ತಿ, ಬಂಧನ ಎಲ್ಲ ಬರೆದಾಯಿತು. ಆರೋಪಿಯ ಉದ್ದೇಶ ಎಂಬಲ್ಲಿ ಕೈ ನಿಂತಿತು. ಲಾಭಕ್ಕೆ ಎಂದು ಬರೆದರೆ ಸುಳ್ಳು, ಮೋಜಿಗೆ ಎಂದರೂ ಸುಳ್ಳು. ಕೊನೆಗೆ ಅವಳು ಒಂದೇ ಸಾಲು ಬರೆದು ಸಹಿ ಹಾಕಿದಳು: ಆರೋಪಿಯ ಸ್ವಂತ ಕಾರಿನಲ್ಲಿ ಒಂದು ಸೀಟು ಕಡಿಮೆ ಇತ್ತು.